ನಾಲ್ಕು ಲಗ್ನದ ಗ್ಯಾಸ್ಕೆಟ್

ಮುಳ್ಳು ಮತ್ತೆ ಇಳಿಯಿತು. ಬಸವಂತರಾಯ ರಸ್ತೆ ಬಿಟ್ಟು ಅದನ್ನೇ ನೋಡುತ್ತಿದ್ದ. ಎದುರಿಗೆ ಬಂದ ಕಬ್ಬಿನ ಟ್ರ್ಯಾಕ್ಟರಿನವನು ಏನೋ ಬೈದದ್ದು ಕೇಳಿಸಿತು, ಅರ್ಥವಾಗಲಿಲ್ಲ. ಆಯಿಲ್ ಪ್ರೆಶರಿನ ಮುಳ್ಳು ಹದಿನೈದು, ಹತ್ತು, ಐದು ಎಂದು ಇಳಿದು ಸೊನ್ನೆಯ ಮೇಲೆ ಮಲಗುವ ಹೊತ್ತಿಗೆ ಮನಗೂಳಿಯ ಮೊದಲ ಅಂಗಡಿಗಳು ಕಂಡವು. ಅವನು ಎಂಜಿನ್ ಆರಿಸಿದ. ಕಾರು ಇಳಿಜಾರಿನಲ್ಲಿ ಸದ್ದಿಲ್ಲದೆ ಉರುಳಿ, ಟ್ರ್ಯಾಕ್ಟರುಗಳು ಸಾಲಾಗಿ ನಿಂತ ಒಂದು ಗ್ಯಾರೇಜಿನ ಮುಂದೆ ತಾನಾಗಿ ನಿಂತಿತು. ಇಷ್ಟು ಜವಾಬ್ದಾರಿಯಿಂದ ಅದು ಹಿಂದೆಂದೂ ನಡೆದುಕೊಂಡಿರಲಿಲ್ಲ.

ಇಂಡಿ ಊರಿನ ಕಾಲೇಜಿನಲ್ಲಿ ಅವನು ಹತ್ತೊಂಬತ್ತು ವರ್ಷದಿಂದ ಭೌತಶಾಸ್ತ್ರ ಕಲಿಸುತ್ತಿದ್ದ. ದ್ರವಗಳ ಒತ್ತಡದ ಪಾಠ ಕಣ್ಣು ಮುಚ್ಚಿ ಹೇಳಬಲ್ಲ. ಆ ಒತ್ತಡ ತನಗೇ ಕೈಕೊಡುವುದೆಂದು ಮಾತ್ರ ಸಿಲಬಸ್ಸಿನಲ್ಲಿ ಇರಲಿಲ್ಲ.

ಕಾರು ಕೆಂಪು ಬಣ್ಣದ್ದು, ಎರಡೇ ಸೀಟಿನದು, ಮೂವತ್ತು ವರ್ಷ ಹಳೆಯ ವಿದೇಶಿ ಸ್ಪೋರ್ಟ್ಸ್ ಕಾರು. ತನಗೆ ನಲವತ್ತೈದು ತುಂಬಿದ ವಾರ ಪುಣೆಯಿಂದ ತರಿಸಿದ್ದ. ಬಂದದ್ದು ಲಾರಿಯ ಮೇಲೆ. ಅದಾಗಿ ಎರಡು ವರ್ಷ. ಅದು ಓಡಿದ್ದಕ್ಕಿಂತ ಅಂಗಳದಲ್ಲಿ ಬಿಚ್ಚಿಕೊಂಡು ಬಿದ್ದದ್ದೇ ಹೆಚ್ಚು. ಹೆಂಡತಿ ಸುಜಾತಾ ಒಂದು ದಿನ ಬಟ್ಟೆ ಒಣಗಿಸುತ್ತ ಹೇಳಿದ್ದಳು: "ಇದು ಗಾಡಿ ಅಲ್ಲರಿ, ಖೋಲಿ. ಒಬ್ಬರ ಬಾಗಿಲಾ ಹಾಕ್ಕೊಂಡು ಕುಂಡರೂ ಖೋಲಿ." ಜನವರಿಯಲ್ಲಿ ಅವಳು ತನ್ನ ಊರು ಮುದ್ದೇಬಿಹಾಳದ ಶಾಲೆಗೆ ವರ್ಗ ಮಾಡಿಸಿಕೊಂಡು ಹೋದಳು. ಜಗಳವಾಡಿ ಹೋಗಲಿಲ್ಲ. ಜಗಳವಾಡಿದ್ದರೆ ಅವನೂ ಏನಾದರೂ ಉತ್ತರ ಕೊಡಬಹುದಿತ್ತು.

ಇವತ್ತು ಮುದ್ದೇಬಿಹಾಳದಲ್ಲಿ ಅವಳ ತಂಗಿಯ ಮಗಳ ಮದುವೆ. ನಿನ್ನೆ ಫೋನಿನಲ್ಲಿ ಸುಜಾತಾ ಲೆಕ್ಕ ಒಪ್ಪಿಸುವವಳಂತೆ ಹೇಳಿದ್ದಳು: "ಹನ್ನೆರಡೂವರಿಗೆ ಅಕ್ಕಿಕಾಳು ಬೀಳ್ತಾವ. ಆಗ ನನ್ನ ಮಗ್ಗಲ ನಿಂತಿದ್ರ ನೀವು ಗಂಡ. ಊಟದ ಹೊತ್ತಿಗೆ ಬಂದ್ರ ಬೀಗರು. ಬೀಗರಿಗೆ ಉಂಡು ಹೋಗ್ರಿ ಅಂತೇನಿ, ಅಷ್ಟ."

"ಗಂಡ ಆಗಿ ಬಂದ್ರ?"

"ಬಂದ್ರ ನಿಮ್ಮ ಸಂಗಾಟ ಇಂಡಿಗಿ ಹೊಳ್ಳಿ ಬರ್ತೇನಿ. ಅದ ನಿಮ್ಮ ಖೋಲ್ಯಾಗ ಕುಂತು."

ಆ ಕೊನೆಯ ಮಾತಿಗೆ ಅವನು ರಾತ್ರಿಯೆಲ್ಲ ಹಿಗ್ಗಿದ್ದ.

ಗ್ಯಾರೇಜಿನಿಂದ ಅರವತ್ತು ದಾಟಿದ ಒಬ್ಬ ಗಡ್ಡದ ಮನುಷ್ಯ ಕೈ ಒರೆಸಿಕೊಳ್ಳುತ್ತ ಬಂದ. ಮಶಾಕಸಾಬ ಎಂದು ಬಾಗಿಲ ಮೇಲೆ ಬರೆದಿತ್ತು. ಅವನು ಕಾರಿನ ಸುತ್ತ ಒಂದು ಸುತ್ತು ಹಾಕಿದ.

"ಏನ್ರಿ ಸರ್, ಗಾಡಿ ನೆಲದಾಗ ಅರ್ಧ ಹುಗದೈತೇನು?"

"ಇಲ್ಲ. ಅದರ ಡಿಸೈನ್ ಹಂಗ ಐತಿ."

"ಹಂಗಾರ ಹುಗದದ್ದ ಛೊಲೊ ಇತ್ತು. ಏನಾಗೈತಿ?"

ಬಸವಂತರಾಯ ಮೊಬೈಲು ತೆಗೆದು ಕಾರಿನ ಕೈಪಿಡಿಯ ನಾನೂರಾ ಹನ್ನೆರಡನೆಯ ಪುಟ ತೋರಿಸಿದ. ಎಂಜಿನ್ನಿನ ಮುಖ್ಯ ಬೇರಿಂಗುಗಳೇ ಸವೆದಿರಬೇಕು, ಒಳಗಿನಿಂದ ಎಲ್ಲವೂ ಸಡಿಲಾಗಿರಬೇಕು ಎಂದ. ಹೇಳುತ್ತ ಹೇಳುತ್ತ ಅವನ ದನಿಗೆ ಒಂದು ಗಾಂಭೀರ್ಯ ಬಂತು. ಮಶಾಕಸಾಬ ಪುಟವನ್ನು ಗೌರವದಿಂದ ನೋಡಿ, ಮೊಳದುದ್ದದ ಸ್ಕ್ರೂಡ್ರೈವರ್ ತಂದು, ಅದರ ತುದಿಯನ್ನು ಎಂಜಿನ್ನಿಗೂ ಹಿಡಿಯನ್ನು ತನ್ನ ಕಿವಿಗೂ ಒತ್ತಿದ.

"ಚಾಲೂ ಮಾಡ್ರಿ. ಒಂದು ಉಸುರಿನಷ್ಟ. ಹಾಂ, ಬಂದ್ ಮಾಡ್ರಿ." ಕಣ್ಣು ತೆರೆದ. "ಬೇರಿಂಗಿಗಿ ಏನೂ ಆಗಿಲ್ಲ. ಎಣ್ಣಿ ತುಂಬ ಐತಿ, ಮ್ಯಾಲ ಏರವಲ್ದು. ಗಂಟಲದಾಗ ಏನೋ ಸಿಕ್ಕೈತಿ."

ಬಸವಂತರಾಯನಿಗೆ ಸ್ವಲ್ಪ ಅವಮಾನವಾಯಿತು. ತನ್ನ ತೊಂದರೆ ಇನ್ನೂ ದೊಡ್ಡದಿರಬೇಕೆಂದು ಅವನು ನಂಬಿದ್ದ.

ಪಕ್ಕದ ಚಹಾದಂಗಡಿಯವರನ್ನೂ ಕರೆದು ಕಾರನ್ನು, ಗಾಡಿಯಡಿ ಇಳಿದು ಕೆಲಸ ಮಾಡಲು ತೋಡಿದ್ದ ಗುಂಡಿಯ ಮೇಲೆ ದಬ್ಬಿದರು. ಮಶಾಕಸಾಬ ಕೆಳಗಿಳಿದ. ಎಂಜಿನ್ನಿನ ಹೊಟ್ಟೆಯಡಿ ಎಣ್ಣೆ ನಿಲ್ಲುವ ತಟ್ಟೆಯನ್ನು ಬಿಚ್ಚಿ ಮೇಲೆ ತರಲು ಒಂದು ತಾಸು ಹಿಡಿಯಿತು. ಪಂಪು ಎಣ್ಣೆ ಹೀರುವ ಜರಡಿಯನ್ನೂ ಬಿಚ್ಚಿ ಅದರೊಳಗೆ ಇಟ್ಟಿದ್ದ. ಜರಡಿಯ ತುಂಬ ಕಿತ್ತಳೆ ಬಣ್ಣದ ಅಂಟಿನ ಚೂರುಗಳು ಶ್ಯಾವಿಗೆಯಂತೆ ಮೆತ್ತಿಕೊಂಡಿದ್ದವು.

"ನೋಡ್ರಿ ಇಲ್ಲಿ. ತಟ್ಟಿ ಸೋರಬಾರ್ದು ಅಂತ ಅಂಚಿಗಿ ಅಂಟು ಹಚ್ಚ್ಯಾರ. ಹಚ್ಚ್ಯಾರ ಅಂದ್ರ, ಗ್ವಾಡಿಗಿ ಸಿಮೆಂಟ್ ಗಿಲಾವ್ ಮಾಡಿದಂಗ ಮಾಡ್ಯಾರ. ಹೆಚ್ಚಾಗಿದ್ದು ಒಳಗ ಹರದು ಬಿದ್ದು ಜರಡಿ ಮುಚ್ಚೈತಿ. ಪಂಪ್ ಎಲ್ಲಿಂದ ಎಳೀಬೇಕು? ಯಾವ ಹುಚ್ಚ ಮಾಡಿದ್ದು ಇದನ್ನ?"

ಬಸವಂತರಾಯನೇ ಮಾಡಿದ್ದು. ಹೋದ ಭಾನುವಾರ, ಮೊಬೈಲನ್ನು ತುಳಸಿಕಟ್ಟೆಗೆ ಆನಿಸಿ, ವಿಡಿಯೋ ನೋಡುತ್ತ. ವಿಡಿಯೋದವನು ನೂಲಿನಷ್ಟು ತೆಳ್ಳಗೆ ಹಚ್ಚಿದ್ದ. ಅಷ್ಟಕ್ಕೇ ಒಳ್ಳೆಯದಾಗುವುದಾದರೆ ನಾಲ್ಕು ಪಟ್ಟು ಹಚ್ಚಿದರೆ ಎಷ್ಟು ಒಳ್ಳೆಯದಾಗಬೇಡ ಎಂದು ಇವನು ಯೋಚಿಸಿದ್ದ. ಅತಿಯಾದರೆ ಅಮೃತವೂ ವಿಷ ಎಂಬ ಮಾತು ಅಂಟಿಗೂ ಸಲ್ಲುತ್ತದೆಂದು ಯಾರೂ ಹೇಳಿರಲಿಲ್ಲ.

"ಇಂಡ್ಯಾಗ ಒಬ್ಬಾವ," ಎಂದ.

"ಯಾಂವ?"

"ಸೋಮನಿಂಗ ಅಂತ."

ಹೆಸರು ತಾನಾಗಿ ಬಾಯಿಗೆ ಬಂತು. ಅಂಥವನೊಬ್ಬ ಇಂಡಿಯಲ್ಲಿ ಇದ್ದಾನೋ ಇಲ್ಲವೋ ಅವನಿಗೆ ಗೊತ್ತಿರಲಿಲ್ಲ.

"ಕಲತಾವೇನು?" ಮಶಾಕಸಾಬ ಚೂರುಗಳನ್ನು ಒಂದೊಂದಾಗಿ ಕೀಳುತ್ತ ಕೇಳಿದ.

"ಭಾಳ ಕಲತಾವ. ಅದ ತ್ರಾಸ."

"ಮಂದಿ ಹೇಳಿದ್ದು ಕೇಳಂಗಿಲ್ಲೇನು?"

"ಕೇಳಿದಂಗ ಮಾಡ್ತಾನ."

"ತಪ್ಪಾತು ಅಂತಾನ?"

"ಸಾಯೂತನಾ ಅನ್ನಂಗಿಲ್ಲ."

"ಹೆಂಡ್ತಿ ಅದಾಳೇನು ಅವಗ?"

"ಅದಾಳ. ತವರಿಗಿ ಹೋಗ್ಯಾಳ."

"ಹೋಗದ ಏನ್ ಮಾಡ್ತಾಳ್ರಿ ಪಾಪ," ಎಂದ ಮಶಾಕಸಾಬ, ಅಂಟನ್ನು ಝಾಡಿಸಿ ಎಸೆಯುತ್ತ.

ಬಸವಂತರಾಯ ಜೋರಾಗಿ ನಕ್ಕ. ಆ ಸೋಮನಿಂಗನನ್ನು ಇಬ್ಬರೂ ಕೂಡಿ ಮನಸಾರೆ ಬೈದರು. ಅವನ ಜಿಗುಟುತನ, ಅವನ ಒಣ ಜಂಬ, ಮನೆಗೆ ಬಂದ ನೆಂಟರ ಮುಂದೆಯೂ ಕಾರಿನಡಿ ಮಲಗಿರುವ ಅವನ ಚಾಳಿ, ಒಂದನ್ನೂ ಬಸವಂತರಾಯ ಮುಚ್ಚಿಡಲಿಲ್ಲ. ಒಬ್ಬ ಮನುಷ್ಯನ ಬಗ್ಗೆ ಇಷ್ಟು ಬಿಚ್ಚಿ ಮಾತಾಡಿ ಅವನಿಗೆ ವರ್ಷಗಳೇ ಆಗಿದ್ದವು. ಹಗುರವೆನಿಸಿತು.

ಹತ್ತೂವರೆಗೆ ಚಹಾದಂಗಡಿಯ ರೇಣವ್ವ ಕಪ್ಪು ತಂದು ಅವನ ಕೈಗಿಟ್ಟಳು. ಅವನು ಎಲ್ಲಿಗೆ, ಯಾಕೆ ಹೊರಟಿದ್ದಾನೆ ಎಂಬುದನ್ನು ಅವಳು ಮೊದಲ ಕಪ್ಪಿಗೇ ಕೇಳಿ ತಿಳಿದುಕೊಂಡಿದ್ದಳು.

"ಸರ್, ಮುದ್ದೇಬಿಹಾಳ ಬಸ್ ಬಂತು ನೋಡ್ರಿ. ವ್ಯಾಳ್ಯಾಕ್ಕ ಮುಟ್ಟಸ್ತೈತಿ."

"ಇನ್ನ ಅರ್ಧ ತಾಸಿನಾಗ ಗಾಡಿ ಆಗತೈತಿ."

"ಲಗ್ನಕ್ಕ ಬರ್ರಿ ಅಂತ ಕರದಾರೋ, ಗಾಡಿಗಿ ಕರದಾರೋ?"

ಅವನು ಚಹಾ ಕುಡಿದ. ಬಸ್ಸು ನಾಲ್ಕು ನಿಮಿಷ ನಿಂತು, ಹೋಯಿತು. ಅದು ತಿರುವು ದಾಟಿದ ಮೇಲೆ ಅವನಿಗೆ ನೆಮ್ಮದಿಯೆನಿಸಿತು. ನೆಮ್ಮದಿಯೆನಿಸಿದ್ದಕ್ಕೆ ಗಾಬರಿಯಾಯಿತು.

ಒಳಗೆ ಮಶಾಕಸಾಬ ಗ್ಯಾಸ್ಕೆಟ್ಟಿನ ಚಿಂತೆಯಲ್ಲಿದ್ದ. ತಟ್ಟೆಗೂ ಎಂಜಿನ್ನಿಗೂ ನಡುವೆ ಕೂತು ಸೋರಿಕೆ ತಡೆಯುವ ಆ ಪಟ್ಟಿ, ಈ ಕಾರಿನದು, ಮನಗೂಳಿಯಲ್ಲಿ ಸಿಗುವ ಮಾತೇ ಇರಲಿಲ್ಲ. ಅವನು ಗೋಡೆಯ ತಂತಿಗೆ ಚುಚ್ಚಿದ್ದ ಲಗ್ನಪತ್ರಿಕೆಗಳ ಕಟ್ಟನ್ನು ಇಳಿಸಿದ.

"ಊರ ಮಂದಿ ಎಲ್ಲಾರೂ ಕೊಡ್ತಾರ್ರಿ. ಲಗ್ನ ಆಗೂತನಾ ಗ್ವಾಡಿಗಿ, ಆದ ಮ್ಯಾಲ ಎಂಜಿನ್ನಿಗಿ. ಮನಗೂಳಿ ಅರ್ಧ ಲಗ್ನ ಟ್ರ್ಯಾಕ್ಟರಿನಾಗ ಅದಾವ. ಒಂದೂ ಸೋರಿಲ್ಲ."

ಪತ್ರಿಕೆಯನ್ನು ತಟ್ಟೆಯ ಅಂಚಿಗೆ ಒತ್ತಿಹಿಡಿದು ಗುಂಡುತಲೆಯ ಸುತ್ತಿಗೆಯಿಂದ ಮೆಲ್ಲಗೆ ಬಡಿಯುತ್ತ ಹೋದ. ಕಬ್ಬಿಣದ ಅಂಚೇ ಕಾಗದವನ್ನು ಕತ್ತರಿಸುತ್ತಿತ್ತು. ಮೂರು ಲಗ್ನಗಳಿಂದ ಮೂರು ಬದಿ ಆದವು. ನಾಲ್ಕನೆಯದಕ್ಕೆ ಕಟ್ಟಿನಲ್ಲಿ ದಪ್ಪನೆಯದು ಉಳಿದಿರಲಿಲ್ಲ.

"ಈಗ ಮಂದಿ ಮೊಬೈಲಿನಾಗ ಕಳಸಾಕತ್ತಾರ. ಗ್ಯಾಸ್ಕೆಟ್ಟಿನ ವಿಚಾರ ಯಾರಿಗೈತಿ?" ಎಂದು ನಿಟ್ಟುಸಿರಿಟ್ಟ ಮಶಾಕಸಾಬನ ಕಣ್ಣು ಕಾರಿನ ಸೀಟಿನ ಮೇಲೆ ಬಿತ್ತು. ಬಂಗಾರದ ಅಂಚಿನ ದಪ್ಪ ಪತ್ರಿಕೆ. "ಆಹಾ! ಕಾರ್ಡ್ ಅಂದ್ರ ಇದು."

"ಅದು ಇವತ್ತಿನ ಲಗ್ನದ್ದು."

"ವ್ಯಾಳ್ಯಾ ಗೊತ್ತೈತಿ?"

"ಐತಿ."

"ಜಾಗಾ ಗೊತ್ತೈತಿ?"

"ಐತಿ."

"ಮತ್ತ್ಯಾಕ್ರಿ ಕಾರ್ಡು?"

ತರ್ಕದಲ್ಲಿ ದೋಷವಿರಲಿಲ್ಲ. ಪತ್ರಿಕೆಯ ಕೆಳಗೆ ಆಗಮನ ಬಯಸುವವರ ಪಟ್ಟಿಯಲ್ಲಿ ಶ್ರೀಮತಿ ಸುಜಾತಾ ಮತ್ತು ಶ್ರೀ ಬಸವಂತರಾಯ ಎಂದು ಅಚ್ಚಾಗಿತ್ತು. ಆರು ತಿಂಗಳಲ್ಲಿ ಅವರಿಬ್ಬರೂ ಒಟ್ಟಿಗೆ ಇದ್ದ ಜಾಗ ಅದೊಂದೇ. ಸುತ್ತಿಗೆಯ ಗುಂಡುತಲೆ ಬೋಲ್ಟಿನ ತೂತು ಮಾಡುವಾಗ ಸರಿಯಾಗಿ ಎರಡು ಹೆಸರುಗಳ ನಡುವೆ ಬಿತ್ತು. ಅಷ್ಟರಲ್ಲಿ ಫೋನು ಬಂತು.

"ಎಲ್ಲಿ ಅದೀರಿ?" ಸುಜಾತಾ.

"ಮನಗೂಳಿ ದಾಟೀನಿ."

"ಗಾಡಿ?"

"ಛೊಲೊ ಐತಿ."

"ಅದೇನ್ ಸಪ್ಪಳ?"

"ಹಲಗಿ. ಯಾವ್ದೋ ಮೆರವಣಿಗಿ ಹೊಂಟೈತಿ."

ಮಶಾಕಸಾಬ ಸುತ್ತಿಗೆಯನ್ನು ಗಾಳಿಯಲ್ಲೇ ಹಿಡಿದು, ಮೆರವಣಿಗೆ ಯಾವ ಕಡೆ ಎಂದು ರಸ್ತೆಯತ್ತ ನೋಡಿದ.

"ಬರ್ರಿ," ಎಂದಳು ಸುಜಾತಾ. ಸ್ವಲ್ಪ ತಡೆದು, "ನಾ ಬಾಗಲದಾಗ ನಿಂತಿರ್ತೇನಿ," ಎಂದಳು. ಅವಳ ದನಿಯಲ್ಲಿ ಆಸೆಯಿತ್ತು. ಅದು ಅವನಿಗೆ ತಿಳಿಯಿತು, ತಿಳಿದು ಎದೆ ನೊಂದಿತು.

ಹನ್ನೊಂದೂಕಾಲಿಗೆ ಎಂಜಿನ್ ಗುಡುಗಿತು. ಮುಳ್ಳು ಸರಸರನೆ ಏರಿ ಅರವತ್ತರ ಹತ್ತಿರ ನಿಂತಿತು. ಎರಡು ವರ್ಷದಲ್ಲಿ ಬಸವಂತರಾಯ ಅದನ್ನು ಅಲ್ಲಿ ಕಂಡಿರಲಿಲ್ಲ.

"ನಾಲ್ಕು ಲಗ್ನ ಕೂಡಿ ಹಿಡದಾವ, ಚಿಂತಿ ಬ್ಯಾಡ. ಮುಟ್ಟಿದ ಮ್ಯಾಲ ಬಗ್ಗಿ ನೋಡ್ರಿ, ಒಂದ ಸಲ. ಮತ್ತ ಮತ್ತ ನೋಡಬ್ಯಾಡ್ರಿ," ಎಂದ ಮಶಾಕಸಾಬ. ಅವನ ದೃಷ್ಟಿ ಸ್ಟಿಯರಿಂಗ್ ಹಿಡಿದ ಬೆರಳುಗಳ ಮೇಲೆ, ಉಗುರಿನ ಸಂದಿಯಲ್ಲಿ ಇನ್ನೂ ಹೋಗದಿದ್ದ ಕಿತ್ತಳೆ ಬಣ್ಣದ ಮೇಲೆ ನಿಂತಿತು. "ಆ ಸೋಮನಿಂಗಗ ನಾ ಬೈದದ್ದು ಹೇಳಬ್ಯಾಡ್ರಿ. ಒಂದ್ಸಲ ಬಾ ಅಂತ ಹೇಳ್ರಿ. ಕಲಸ್ತೇನಿ."

ಬಸವಂತರಾಯ ಕೈಯನ್ನು ತೊಡೆಯ ಮೇಲೆ ಇಳಿಸಿದ. "ಹೇಳ್ತೇನಿ," ಎಂದ.

ಬಸವನ ಬಾಗೇವಾಡಿ ಬಂತು, ಹೋಯಿತು. ರಸ್ತೆಯ ಎರಡೂ ಕಡೆ ಕರಿಮಣ್ಣು. ಕಾರು ಚೆನ್ನಾಗಿ ಓಡುತ್ತಿತ್ತು. ಎಷ್ಟು ಚೆನ್ನಾಗಿ ಎಂದರೆ ಅವನಿಗೆ ಮಾಡಲು ಏನೂ ಉಳಿದಿರಲಿಲ್ಲ. ಇಷ್ಟು ದಿನ ಏನಾದರೊಂದು ಕೆಟ್ಟಿರುತ್ತಿತ್ತು, ಅದರ ಕಡೆ ಕಿವಿ ಕೊಟ್ಟುಕೊಂಡು ಅವನು ಬದುಕಿದ್ದ. ಇನ್ನು ಸುಜಾತಾ ಪಕ್ಕದಲ್ಲಿ ಕೂತರೆ ಏನು ಮಾತಾಡುವುದು? ಈಗಲೂ ಏನೋ ಸರಿಯಿಲ್ಲವೆಂದು ಅವಳಿಗೆ ಅನಿಸಿದರೆ ಬೆರಳು ಯಾವುದರ ಕಡೆ ತೋರಿಸುವುದು? ಮುಳ್ಳು ಸ್ವಲ್ಪ ಇಳಿಯಲಿ ಎಂದು ತಾನು ಕಾಯುತ್ತಿದ್ದೇನೆಂದು ಹೊಳೆದಾಗ ಅವನಿಗೆ ನಿಜವಾಗಿ ಹೆದರಿಕೆಯಾಯಿತು. ಮುಳ್ಳು ಇಳಿಯಲಿಲ್ಲ.

ಹನ್ನೆರಡೂ ಇಪ್ಪತ್ತಕ್ಕೆ ಮುದ್ದೇಬಿಹಾಳದ ಕಲ್ಯಾಣ ಮಂಟಪದ ಮುಂದೆ ಇದ್ದ. ಅಡಿಯಲ್ಲಿ ನೋಡಲು ಜಾಗವಾಗಲೆಂದು ಕಟ್ಟೆಗೆ ಮುಂದಿನ ಒಂದು ಗಾಲಿ ಏರಿಸಿ ನಿಲ್ಲಿಸಿದ. ಬಾಗಿಲು ಐವತ್ತು ಹೆಜ್ಜೆ ದೂರ. ಒಳಗೆ ಶಹನಾಯಿ ಬಾರಿಸುತ್ತಿದ್ದರು. ಒಂದೇ ಸಲ ಬಗ್ಗಿ ನೋಡಿ ಹೋಗೋಣವೆಂದು ಅವನು ಬಗ್ಗಿದ.

ಬಗ್ಗಿದರೆ ಕಾಣಲಿಲ್ಲ. ಅಂಗಾತ ಮಲಗಿ, ತಲೆಯನ್ನೂ ಭುಜವನ್ನೂ ಕಾರಿನಡಿ ತೂರಿಸಿದ. ಎಲ್ಲ ಒಣಗಿತ್ತು. ಏಳಬೇಕೆನ್ನುವಷ್ಟರಲ್ಲಿ ನಾಲ್ಕನೆಯ ತುಂಡು ಕೂಡುವ ಮೂಲೆಯಲ್ಲಿ ಏನೋ ಮಿಂಚಿತು. ಒಂದು ಹನಿ. ಬಿಚ್ಚುವಾಗ ಹತ್ತಿದ ಹಳೆಯದೋ, ಈಗ ಜಿನುಗಿದ ಹೊಸದೋ? ಬೆರಳಿಂದ ಸುತ್ತಲೂ ಸವರಿ ನೋಡಿದ, ಹನಿಯನ್ನು ಮಾತ್ರ ಮುಟ್ಟಲಿಲ್ಲ. ಮುಟ್ಟಿದರೆ ಗೊತ್ತಾಗುವುದು ಹೇಗೆ? ಬಿದ್ದರೆ ಸೋರಿಕೆ. ಬೀಳದಿದ್ದರೆ ಇಲ್ಲ. ಒಂದು ನಿಮಿಷ ಕಾದರೆ ಸಾಕು.

ಎರಡು ಪಾದಗಳು ಬಂದು ಗಾಲಿಯ ಹತ್ತಿರ ನಿಂತವು. ಕಾಲುಂಗುರ, ಹಸಿರು ಸೀರೆಯ ಅಂಚು.

"ಬಂದ್ರ್ಯಾ!" ಸುಜಾತಾಳ ದನಿಯಲ್ಲಿ ಸಂತೋಷ ಮುಚ್ಚಿಡಲಾಗದಷ್ಟಿತ್ತು.

"ಬಂದೀನಿ. ಛೊಲೊ ಓಡ್ತು. ಒಂದು ನಿಮಿಷ."

"ಒಳಗ ಅಂತರಪಟ ಹಿಡದಾರ. ಏಳ್ರಿ."

"ಒಂದು ಹನಿ ಐತಿ. ಬೀಳತೈತೋ ಇಲ್ಲೋ ನೋಡಿ ಬಂದ ಬಿಟ್ಟೆ."

ಪಾದಗಳು ಅಲುಗಾಡಲಿಲ್ಲ. ಒಳಗೆ ಮಂತ್ರ ಕೊನೆಗೆ ಬರುತ್ತಿತ್ತು. ಆಮೇಲೆ ಸೀರೆ ಮಡಚಿಕೊಂಡು ಅವಳು ಕುಕ್ಕರಗಾಲಲ್ಲಿ ಕೂತಳು. ಮುಖ ಕಾಣಲಿಲ್ಲ, ಕೈಯೊಂದೇ ಕಾರಿನಡಿಗೆ ಬಂತು. ಮುಷ್ಟಿಯ ತುಂಬ ಅರಿಶಿನದ ಅಕ್ಕಿಕಾಳು.

"ತೊಗೊರ್ರಿ. ನಿಮ್ಮ ಪಾಲಿಂದು," ಎಂದಳು. ಕೋಪವಿರಲಿಲ್ಲ.

ಅವನು ಕೈಯೊಡ್ಡಿದ. ಎಣ್ಣೆಗೈಗೆ ಕಾಳು ಅಂಟಿಕೊಂಡವು. ಪಾದಗಳು ತಿರುಗಿದವು. ಮೊದಲು ಮೆಲ್ಲಗೆ, ಆಮೇಲೆ ಬಿರಬಿರನೆ ಬಾಗಿಲ ಕಡೆ ಹೋದವು.

ಗಟ್ಟಿಮೇಳ ಶುರುವಾಯಿತು. ಕಾಳು ಹಾಕಲೇಬೇಕೆಂದು ಅವನು ರಭಸದಿಂದ ಕೈ ಎತ್ತಿದ. ಅಲ್ಲಿ ಎತ್ತಲು ಗೇಣು ಜಾಗವೂ ಇರಲಿಲ್ಲ. ಗಿಣ್ಣುಗಳು ಕಬ್ಬಿಣಕ್ಕೆ ಬಡಿದವು, ಕಾಳೆಲ್ಲ ಅವನ ಮುಖದ ಮೇಲೆಯೇ ಉದುರಿದವು. ಅವನು ರೆಪ್ಪೆಯ ಮೇಲಿನ ಕಾಳನ್ನು ಒರೆಸಿಕೊಂಡು ಮೇಲೆ ನೋಡಿದ. ಹನಿ ಇನ್ನೂ ಬಿದ್ದಿರಲಿಲ್ಲ.