ಎರಡನೇ ತಂಡದ ಒಬ್ಬಟ್ಟು

ಪುಷ್ಯದ ಮಳೆ ಬಿದ್ದೂ ಬೀಳದ ಹಾಗೆ ಮೂರು ದಿನದಿಂದ ಜಿನುಗುತ್ತಿತ್ತು. ಪಿರಿಯಾಪಟ್ಟಣದ ಸುತ್ತಿನ ಊರುಗಳಲ್ಲಿ ಆಗ ಎಲ್ಲರಿಗೂ ಒಂದೇ ಕೆಲಸ: ಹೊಗೆಸೊಪ್ಪು ಮುರಿಯುವುದು, ಕಡ್ಡಿಗೆ ಕಟ್ಟುವುದು, ಬ್ಯಾರನ್ನು ಎನ್ನುವ ಬಿಸಿಗೂಡಿಗೆ ಏರಿಸಿ ಬೇಯಿಸುವುದು. ಬೆಟ್ಟಸ್ವಾಮಿಯ ಹೊಲದ ಅಡಿಸೊಪ್ಪು ಮುರಿದಾಗಿತ್ತು. ಬುಧವಾರ ಬೆಳಿಗ್ಗೆ ಬ್ಯಾರನ್ನಿನ ಪಕ್ಕದ ತಗಡಿನ ಚಪ್ಪರದಡಿ ಆರು ಜನ ಹೆಂಗಸರು ಕುಳಿತು ಎಲೆ ಕಟ್ಟುತ್ತಿದ್ದರು. ಸೊಪ್ಪಿನ ಅಂಟು ಮೆತ್ತಿ ಕೈ ಕಪ್ಪಾಗಿದ್ದರೂ ಬಾಯಿ ಮಾತ್ರ ಎಲ್ಲೂ ಅಂಟದೆ ಓಡುತ್ತಿತ್ತು.

"ಬೆಟ್ಸಾಮಣ್ಣ, ಈ ವರ್ಸನಾದ್ರೂ ಬೇಳೆ ಬೇಯ್ಸೀಯೋ, ಇಲ್ಲಾ ಬರೀ ಸೊಪ್ಪೇ ಬೇಯ್ಸೀಯೋ?" ಎಂದಳು ಕುಳ್ಳಮ್ಮ. ಆ ಚಪ್ಪರದಡಿ ಎಲ್ಲರಿಗಿಂತ ಹಿರಿಯಳು ಅವಳು. ಬೆಟ್ಟಸ್ವಾಮಿ ಚಡ್ಡಿ ಹಾಕಿಕೊಂಡು ಓಡಾಡುವಾಗಿನಿಂದ ಅವನನ್ನು ಬಲ್ಲವಳು.

"ಕುಳ್ಳವ್ವ, ಕಡ್ಡಿ ಕಡೆ ನೋಡು. ಎಲೆ ಒತ್ತಾಗಿ ಕಟ್ತಿದ್ದೀಯ," ಎಂದ ಬೆಟ್ಟಸ್ವಾಮಿ.

"ಎಲೆ ನಲವತ್ತು ವರ್ಸದಿಂದ ಕಟ್ತಾವ್ನಿ ಕಣಪ್ಪ. ನಾನು ಕೇಳ್ತಿರೋದು ಒಬ್ಬಟ್ಟಿನ ವಿಚಾರ."

ಉಳಿದವರು ಮುಸಿಮುಸಿ ನಕ್ಕರು.

ಈ ಒಬ್ಬಟ್ಟಿನ ಹಂಗು ಬೆಟ್ಟಸ್ವಾಮಿ ತಾನಾಗಿ ತಲೆಗೆ ಕಟ್ಟಿಕೊಂಡದ್ದು. ಮೂರು ವರ್ಷದ ಹಿಂದೆ ಮಗಳು ಶಾಂಭವಿಗೆ ಮೈಸೂರಿನ ಕ್ರೀಡಾ ಹಾಸ್ಟೆಲಿನಲ್ಲಿ ಹಾಕಿ ಆಟಕ್ಕೆ ಸೀಟು ಸಿಕ್ಕಿತ್ತು. ಊರ ಶಾಲೆಯ ಬಯಲಿನಲ್ಲಿ ಗಂಡುಹುಡುಗರನ್ನೂ ದಾಟಿಕೊಂಡು ಹೋಗಿ ಗೋಲು ಹೊಡೆಯುತ್ತಿದ್ದ ಹುಡುಗಿ. ಸೀಟಿನ ಕಾಗದ ಬಂದ ದಿನ ಬೆಟ್ಟಸ್ವಾಮಿ ಇದೇ ಚಪ್ಪರದಡಿ ನಿಂತು, ಯಾರೂ ಕೇಳದಿದ್ದರೂ, "ಇನ್ನೊಂದು ವರ್ಸಕ್ಕೆ ನನ್ ಮಗಳು ಸ್ಟೇಟ್ ಟೀಮಲ್ಲಿರ್ತಾಳೆ. ಅವತ್ತು ನಿಮಗೆಲ್ಲ ತುಪ್ಪದ ಒಬ್ಬಟ್ಟು, ಸಾಕು ಅನ್ನೋಗಂಟ," ಎಂದುಬಿಟ್ಟಿದ್ದ. ಅಲ್ಲಿಂದೀಚೆಗೆ ಪುಷ್ಯದ ಮಳೆ ಮೂರು ಸಲ ಬಂತು. ಒಬ್ಬಟ್ಟು ಬರಲಿಲ್ಲ. ಶಾಂಭವಿ ಹಾಸ್ಟೆಲಿನ ಎರಡನೇ ತಂಡದಲ್ಲೇ ಇದ್ದಳು. ಮೊದಲನೇ ತಂಡದವರು ರೈಲು ಹತ್ತಿ ಭುವನೇಶ್ವರ, ಭೋಪಾಲ ಎಂದು ಹೋದರೆ, ಎರಡನೇ ತಂಡದವರು ಕೆಂಪು ಬಸ್ಸು ಹತ್ತಿ ಎಚ್.ಡಿ. ಕೋಟೆಗೋ ಕೆ.ಆರ್. ನಗರಕ್ಕೋ ಹೋಗಿ ಬಿ ಡಿವಿಷನ್ ಆಡಿ ಸಂಜೆಗೆ ವಾಪಸು.

ಪ್ರತಿ ಭಾನುವಾರ ಬೆಟ್ಟಸ್ವಾಮಿ ಫೋನು ಮಾಡುತ್ತಿದ್ದ. "ಆಯ್ತಾ?" ಎಂಬ ಒಂದೇ ಮಾತು ಅವನದು. "ಇನ್ನೂ ಇಲ್ಲಪ್ಪ," ಎಂಬುದು ಅವಳದು. ಆಮೇಲೆ ಫೋನು ಹೆಂಡತಿ ಶಿವನಂಜಮ್ಮನ ಕೈಗೆ ಹೋಗಿ, ಊಟ, ತಿಂಡಿ, ಕಾಲುನೋವು ಎಲ್ಲ ವಿಚಾರಣೆಯಾಗುತ್ತಿತ್ತು.

ಈ ಸಲ ಬೆಟ್ಟಸ್ವಾಮಿ ಒಂದು ತೀರ್ಮಾನಕ್ಕೆ ಬಂದಿದ್ದ. ಹಾಸ್ಟೆಲಿನಲ್ಲಿ ಇನ್ನೊಂದು ವರ್ಷ ಮುಂದುವರಿಯಬೇಕಾದರೆ ತಂದೆಯ ರುಜು ಬೇಕು. ಫಾರಮ್ಮು ಸೋಮವಾರದೊಳಗೆ ಕೊಡಬೇಕು. ಕೆ.ಆರ್. ನಗರದಲ್ಲಿ ಗೊಬ್ಬರದಂಗಡಿ ಇಟ್ಟಿದ್ದ ಬಾಮೈದ ಸೋಮಶೇಖರ್ ಫೋನಿನಲ್ಲಿ ಹೇಳಿದ್ದ: "ಭಾವ, ರುಜು ಗಿಜು ಹಾಕೋಕೆ ಹೋಗ್ಬೇಡಿ. ಹಾಸನದಲ್ಲಿ ನಮ್ಮ ಪರಿಚಯದೋರ್ದು ಕ್ಲಬ್ ಐತೆ. ಹೋದ ದಿನವೇ ಮೊದಲ್ನೇ ತಂಡ. ಹುಡುಗೀನ ಕರ್ಕೊಂಡು ಬಂದ್ಬುಡಿ." ಶುಕ್ರವಾರ ಹುಣಸೂರಿನಲ್ಲಿ ಶಾಂಭವಿಯ ತಂಡದ ಮ್ಯಾಚು. ಮ್ಯಾಚು ಮುಗಿದ ಮೇಲೆ ಅವಳನ್ನು ಅಲ್ಲಿಂದಲೇ ಕೆ.ಆರ್. ನಗರಕ್ಕೆ ಕರೆದುಕೊಂಡು ಹೋಗಿ, ಮಾರನೆಯ ದಿನ ಹಾಸನ ಎಂದು ಲೆಕ್ಕ ಹಾಕಿದ.

ತೊಡಕೊಂದೇ, ಬ್ಯಾರನ್ನು.

ಸೊಪ್ಪು ಬೇಯಿಸುವುದರಲ್ಲಿ ಬೆಟ್ಟಸ್ವಾಮಿಯನ್ನು ಮೀರಿಸಿದವರು ಆ ಸುತ್ತಿನಲ್ಲಿ ಇರಲಿಲ್ಲ. ಮೊದಲ ಎರಡು ದಿನ ಬೆಂಕಿ ಸಣ್ಣಗಿರಬೇಕು. ಥರ್ಮಾಮೀಟರು ತೊಂಬತ್ತೈದು ಡಿಗ್ರಿ ಫ್ಯಾರನ್‌ಹೀಟ್ ದಾಟಬಾರದು. ಎಲೆ ಬಿಸಿಯಲ್ಲಿ ತನ್ನಷ್ಟಕ್ಕೆ ತಾನು ಹಳದಿಗೆ ತಿರುಗುವವರೆಗೆ ಸುಮ್ಮನೆ ಕೂತಿರಬೇಕು. ಅದಕ್ಕೆ ಮುಂಚೆ ಸೌದೆ ಹೆಚ್ಚು ತುಂಬಿದರೆ ಹಸಿರು ಎಲೆಯಲ್ಲೇ ನಿಂತುಬಿಡುತ್ತದೆ. ಆಮೇಲೆ ಬ್ರಹ್ಮ ಬಂದು ಬೇಯಿಸಿದರೂ ಅದು ಹೋಗದು. ಬೆಟ್ಟಸ್ವಾಮಿ ಬ್ಯಾರನ್ನಿನ ಗಾಜಿನ ಕಿಂಡಿಯ ಮುಂದೆ ಕೂತನೆಂದರೆ ಅವನ ಬೆನ್ನ ಮೇಲೆ ಕುಂಬಳದ ಹಂಬು ಹಬ್ಬಿದರೂ ಏಳುವುದಿಲ್ಲ ಎಂದು ಊರವರು ಆಡಿಕೊಳ್ಳುತ್ತಿದ್ದರು.

"ನೀವು ಹೋಗಿ ಬನ್ನಿ. ಬೆಂಕಿ ನಾನು ನೋಡ್ಕೋತೀನಿ," ಎಂದಳು ಶಿವನಂಜಮ್ಮ ಗುರುವಾರ ಮಧ್ಯಾಹ್ನ.

"ಹಳದಿ ಹದ ನಿಂಗೊತ್ತಾಗಾಕಿಲ್ಲ."

"ಇಪ್ಪತ್ತು ವರ್ಸದಿಂದ ನಿಮ್ ಪಕ್ಕದಲ್ಲಿ ಕೂತು ಅದನ್ನೇ ನೋಡ್ತಾವ್ನಿ. ಕಣ್ಣು ನಂಗೂ ಎರಡಿವೆ ಕಣ್ರೀ."

ಬೆಟ್ಟಸ್ವಾಮಿ ಕಿಂಡಿಯಲ್ಲಿ ಇಣುಕಿದ. ಎಲೆಯ ಅಂಚು ಹಳದಿಯಾಗಿತ್ತು. ನಡುವೆ, ದಂಟಿನ ಸುತ್ತ, ಇನ್ನೂ ಹಸಿರು ಛಾಯೆ. ಬೇರೆ ಯಾರಾದರೂ ಬಂದು ಕೇಳಿದ್ದರೆ, ನಾಳೆ ಸಾಯಂಕಾಲದವರೆಗೂ ಸೌದೆ ಮುಟ್ಟಬೇಡ ಎಂದು ಗದರಿಸಿ ಕಳಿಸುತ್ತಿದ್ದ. ಆದರೆ ಈಗಲೇ ಬಣ್ಣ ಕಟ್ಟಿಬಿಟ್ಟರೆ, ನಾಳೆಯಿಂದ ಬರೀ ಒಣಗಿಸುವ ಕೆಲಸ. ಅದನ್ನು ಯಾರು ಬೇಕಾದರೂ ಮಾಡಬಹುದು, ಹೆಂಡತಿಯೂ ಮಾಡಬಹುದು. 'ಆಗಿದೆ, ಆಗಿದೆ,' ಎಂದು ತನಗೆ ತಾನೇ ಹೇಳಿಕೊಂಡು ಒಲೆಗೆ ನಾಲ್ಕು ದಪ್ಪ ಕೊರಡು ನೂಕಿದ. ಎಲೆಯೇನೂ ಮಾತಾಡಲಿಲ್ಲ.

ಶುಕ್ರವಾರ ಬೆಳಿಗ್ಗೆ ಥರ್ಮಾಮೀಟರು ನೂರಿಪ್ಪತ್ತು ತೋರಿಸುತ್ತಿತ್ತು. ಬೆಟ್ಟಸ್ವಾಮಿ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಹಣೆಗೆ ವಿಭೂತಿ ಇಟ್ಟು ಬಸ್ಸು ಹತ್ತಿದ.

ಹುಣಸೂರಿನ ಆಟದ ಬಯಲು ಮಳೆಗೆ ಕೆಸರೆದ್ದಿತ್ತು. ಒಂದು ಮೂಲೆಯಲ್ಲಿ ಎರಡು ಹಸು ಮೇಯುತ್ತಿದ್ದವು. ಚೆಂಡು ಆ ಕಡೆ ಹೋದಾಗ ಅವೂ ತಲೆಯೆತ್ತಿ ನೋಡುತ್ತಿದ್ದವು. ನೋಡಲು ಬಂದವರು ಇಪ್ಪತ್ತು ಜನರಿದ್ದರೆ ಹೆಚ್ಚು. ಗೆರೆಯ ಪಕ್ಕ ಛತ್ರಿ ಹಿಡಿದು ನಿಂತಿದ್ದವರು ತರಬೇತುದಾರ ಮುದ್ದಯ್ಯ. ಕೊಡಗಿನವರು, ಸೈನ್ಯದಲ್ಲಿ ಆಡಿ ನಿವೃತ್ತರಾದವರು. ಮಾತು ಕಡಿಮೆ, ಮೀಸೆ ಹೆಚ್ಚು.

ಬೆಟ್ಟಸ್ವಾಮಿ ಮಗಳನ್ನು ಮುಂದಿನ ಸಾಲಿನಲ್ಲಿ ಹುಡುಕಿದ. ಇರಲಿಲ್ಲ. ಕೊನೆಗೆ ನೋಡಿದರೆ ಅವಳು ಹಿಂದೆ, ತಮ್ಮದೇ ಗೋಲಿನ ಹತ್ತಿರ ನಿಂತಿದ್ದಳು.

"ಸಾರ್, ನನ್ ಮಗಳು ಗೋಲು ಹೊಡೆಯೋಳು. ಅವಳನ್ನ ಬಾಗಿಲು ಕಾಯಾಕೆ ನಿಲ್ಲಿಸಿದ್ದೀರಲ್ಲ?" ಎಂದ, ನಮಸ್ಕಾರವನ್ನೂ ಮರೆತು.

"ಓ, ನೀವು ಶಾಂಭವಿ ತಂದೆಯಾ? ಬನ್ನಿ, ಛತ್ರಿ ಒಳಗೆ ಬನ್ನಿ," ಎಂದರು ಮುದ್ದಯ್ಯ. "ಗೋಲು ಹೊಡೆಯೋರು ನನ್ನ ಹತ್ರ ಒಂಬತ್ತು ಜನ ಇದ್ದಾರೆ ಸ್ವಾಮಿ. ಬಾಗಿಲು ಕಾಯೋರೇ ಇಲ್ಲ."

ಅಷ್ಟರಲ್ಲಿ ಎದುರು ತಂಡದ ಉದ್ದ ಜಡೆಯ ಹುಡುಗಿಯೊಬ್ಬಳು ಚೆಂಡು ತಂದಳು. ಶಾಂಭವಿ ಅದನ್ನು ಕಿತ್ತುಕೊಳ್ಳಲು ಒಂದೇ ನೆಗೆತಕ್ಕೆ ಮುನ್ನುಗ್ಗಿದಳು. ಜಡೆಯವಳು ಪಕ್ಕಕ್ಕೆ ಸರಿದು ದಾಟಿಯೇಬಿಟ್ಟಳು. ಗೋಲು. ಶಾಂಭವಿ ಮೊಣಕಾಲೂರಿ ಕೆಸರಿನಲ್ಲಿ ಕೂತಿದ್ದಳು.

ಬೆಟ್ಟಸ್ವಾಮಿಗೆ ಮೈಯೆಲ್ಲ ಉರಿದುಹೋಯಿತು. "ಬಯ್ರಿ ಸಾರ್ ಅವಳಿಗೆ!"

"ಅವಳೇ ಬಯ್ಕೊಳ್ತಾ ಇದ್ದಾಳೆ, ನೋಡಿ. ನಾವಿಬ್ಬರೂ ಯಾಕೆ?" ಎಂದರು ಮುದ್ದಯ್ಯ. ಆಮೇಲೆ, "ಕೈ ಚೆನ್ನಾಗಿದೆ ಸ್ವಾಮಿ ನಿಮ್ಮ ಮಗಳದು. ಕಾಲಿಗೆ ಮಾತ್ರ ಬಹಳ ಅವಸರ. ಯಾರ ಕಡೆಯಿಂದ ಬಂತೋ ಗೊತ್ತಿಲ್ಲ," ಎಂದು ಅವನ ಕಡೆ ತಿರುಗಿ ನೋಡದೆಯೇ ಹೇಳಿದರು.

"ಅವರವ್ವನ ಕಡೆ," ಎಂದ ಬೆಟ್ಟಸ್ವಾಮಿ ತಟ್ಟನೆ.

ಮ್ಯಾಚು ಮುಗಿಯಲು ಇನ್ನೇನು ಹತ್ತು ನಿಮಿಷ ಇದ್ದಾಗ ಅದೇ ಜಡೆಯವಳು ಮತ್ತೆ ಚೆಂಡು ತಂದಳು. ಈ ಸಲ ಶಾಂಭವಿ ನುಗ್ಗಲಿಲ್ಲ. ಸ್ಟಿಕ್ಕನ್ನು ನೆಲಕ್ಕೆ ತಾಗಿಸಿಟ್ಟು ಒಂದು ಹೆಜ್ಜೆ ಹಿಂದೆ ಸರಿದಳು. ಇನ್ನೊಂದು ಹೆಜ್ಜೆ.

"ಕಿತ್ಕೊಳ್ಳೇ! ನುಗ್ಗೇ!" ಎಂದು ಬೆಟ್ಟಸ್ವಾಮಿ ಛತ್ರಿಯಿಂದ ಹೊರಗೆ ಹಾರಿ ಕೂಗಿದ. ಹಸುಗಳು ಬೆದರಿ ಎರಡು ಮಾರು ಓಡಿದವು. ಶಾಂಭವಿ ಕೇಳಿಸಿಯೂ ಕೇಳಿಸದವಳ ಹಾಗೆ ಹಿಂದೆ ಹಿಂದೆ ಸರಿದಳು. ಜಡೆಯವಳನ್ನು ಗೆರೆಯ ಅಂಚಿನವರೆಗೂ ಬಿಟ್ಟಳು. ಅಲ್ಲಿ ಜಾಗ ಮುಗಿದು ಜಡೆಯವಳು ಚೆಂಡನ್ನು ಒಂದು ಗೇಣು ಮುಂದಕ್ಕೆ ತಳ್ಳಿದ್ದೇ ತಡ, ಮನೆಯಂಗಳದಲ್ಲಿ ಬಿದ್ದ ಚೆಂಬು ಎತ್ತಿಕೊಳ್ಳುವಷ್ಟು ಸಲೀಸಾಗಿ ಶಾಂಭವಿ ಅದನ್ನು ಎತ್ತಿಕೊಂಡು ಹೋದಳು.

ಮುದ್ದಯ್ಯನವರ ಬಾಯಿಂದ ಒಂದು "ಹ್ಞಾಂ" ಹೊರಟಿತು. "ಎರಡು ವರ್ಷ ಆಯ್ತು ಸ್ವಾಮಿ, ಇದೊಂದನ್ನ ಹೇಳಿಕೊಡೋಕೆ. ಹತ್ತರಲ್ಲಿ ನಾಲ್ಕು ಸಲ ಬರ್ತಾ ಇದೆ. ಎಂಟು ಸಲ ಬಂದ್ರೆ ಮೊದಲ್ನೇ ತಂಡ."

"ಆಮೇಲೆ ಸ್ಟೇಟು?"

"ಅದು ನಂಗೊತ್ತಿಲ್ಲ. ಆಗ್ಬಹುದು, ಆಗದೇನೂ ಇರಬಹುದು. ಈಗಲೇ ಮೊದಲ್ನೇ ತಂಡಕ್ಕೆ ಹಾಕಿದ್ರೆ ಮಾತ್ರ ಖಂಡಿತ ಆಗಲ್ಲ. ಅಲ್ಲಿನ ಹುಡುಗೀರು ದಿನಕ್ಕೆ ಇಪ್ಪತ್ತು ಸಲ ದಾಟಿ ಹೋಗ್ತಾರೆ. ಇವಳು ಹೆದರೋದು ಕಲಿತಾಳೆ."

ಸೊನ್ನೆ-ಒಂದು ಗೋಲಿನಿಂದ ಸೋತು, ಶಾಂಭವಿ ಕೆಸರು ಒರೆಸಿಕೊಳ್ಳುತ್ತ ಬಂದಳು. ಅಪ್ಪ ಯಾಕೆ ಬಂದಿದ್ದಾನೆಂದು ಅವ್ವ ಮೊದಲೇ ಫೋನಿನಲ್ಲಿ ಹೇಳಿದ್ದಳು. ಅವಳು ಅದರ ಸುದ್ದಿಯೆತ್ತಲಿಲ್ಲ. ಬ್ಯಾಗಿನಿಂದ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ್ದ ಫಾರಮ್ಮನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡು ನಿಂತಳು.

"ಬ್ಯಾರನ್ ತುಂಬಿದ್ದೀರಂತೆ. ಬೆಂಕಿ ಯಾರು ನೋಡ್ತಾವ್ರೆ?"

"ನಿಮ್ಮವ್ವ."

"ಅವ್ವನಾ!" ಶಾಂಭವಿಗೆ ನಿಜವಾಗಿಯೂ ಅಚ್ಚರಿಯಾಯಿತು. "ಎಷ್ಟರಲ್ಲೈತೆ?"

"ನೂರಿಪ್ಪತ್ತು," ಎಂದ ಬೆಟ್ಟಸ್ವಾಮಿ. ಎಂದಮೇಲೆ, ಹೇಳಬಾರದಿತ್ತು ಎನ್ನಿಸಿತು.

ಶಾಂಭವಿ ಬೆರಳು ಮಡಿಸಿದಳು. "ಬೆಂಕಿ ಹಾಕಿದ್ದು ಬುಧವಾರ ಸಾಯಂಕಾಲ ಅಂದ್ಲು ಅವ್ವ. ಇವತ್ತು ಶುಕ್ರವಾರ. ನೂರಿಪ್ಪತ್ತಾ? ಅಪ್ಪ, ಹಸ್ರು ಎಲೆಯಾಗೇ ನಿಂತ್ಕೊಂಡಿರ್ತದೆ ಕಣಪ್ಪ!"

ಬೆಟ್ಟಸ್ವಾಮಿ ಹಸುಗಳ ಕಡೆ ನೋಡಿದ.

"ಏನು ಸಮಾಚಾರ?" ಎಂದರು ಮುದ್ದಯ್ಯ. ಶಾಂಭವಿ ಬಿಡಿಸಿ ಹೇಳಿದಳು: ತೊಂಬತ್ತೈದು ಎಂದರೇನು, ಎಷ್ಟು ದಿನ ಕಾಯಬೇಕು, ಕಾಯದಿದ್ದರೆ ಏನಾಗುತ್ತದೆ, ಅದಕ್ಕೆ ಊರಿನಲ್ಲಿ ಅಪ್ಪನಿಗೆ ಎಷ್ಟು ಹೆಸರು. ಮುದ್ದಯ್ಯ ಗಂಭೀರವಾಗಿ ತಲೆಯಾಡಿಸುತ್ತ ಕೇಳಿದರು. ಮೀಸೆಯ ಕೆಳಗೆ ಏನು ನಡೆಯುತ್ತಿತ್ತೋ ಕಾಣಲಿಲ್ಲ.

"ಇಷ್ಟು ತಿಳಿದವರು ಯಾಕೆ ಸ್ವಾಮಿ ಅವಸರ ಮಾಡಿದ್ರಿ?"

"ಬಸ್ಸಿಗೆ ಹೊತ್ತಾಗ್ತಿತ್ತು," ಎಂದ ಬೆಟ್ಟಸ್ವಾಮಿ.

ಶಾಂಭವಿ ಫಾರಮ್ಮಿನ ಕವರನ್ನು ಅಂಗಿಗೆ ಒರೆಸಿದಳು. "ಅಪ್ಪ, ಇನ್ನೊಂದು ವರ್ಸ ಇಲ್ಲೇ ಇರ್ತೀನಿ," ಎಂದಳು ಮೆತ್ತಗೆ. "ಹಾಸನಕ್ಕೆ ಬರಾಕಿಲ್ಲ."

ಬೆಟ್ಟಸ್ವಾಮಿ ಜೇಬು ತಡವಿದ. "ಪೆನ್ನು ತಂದಿಲ್ಲ ನಾನು."

ಮುದ್ದಯ್ಯ ತಮ್ಮ ಪೆನ್ನು ಕೊಟ್ಟರು. ಬರೆಯಲು ಒತ್ತಿಗೇನೂ ಸಿಗದೆ ಶಾಂಭವಿ ಬೆನ್ನು ಬಗ್ಗಿಸಿ ನಿಂತಳು. ಕೆಸರಿಲ್ಲದ ಜಾಗ ಹುಡುಕಿ, ಮಗಳ ಬೆನ್ನ ಮೇಲೆ ಕಾಗದವಿಟ್ಟು, ಬೆಟ್ಟಸ್ವಾಮಿ ಒಂದೊಂದೇ ಅಕ್ಷರ ನಿಧಾನವಾಗಿ ಬರೆದು ರುಜು ಹಾಕಿದ. "ಬೇಗ ಹಾಕಪ್ಪ, ಬೆನ್ನು ನೋಯ್ತದೆ," ಎಂದಳು ಅವಳು. "ಇರೇ, ಅವಸರ ಮಾಡ್ಬ್ಯಾಡ," ಎಂದ.

ಬಸ್ ನಿಲ್ದಾಣದಲ್ಲಿ ಕೆ.ಆರ್. ನಗರದ ಬಸ್ಸು ಕಣ್ಣೆದುರೇ ಹೊರಟುಹೋಯಿತು. ಬೆಟ್ಟಸ್ವಾಮಿ ಪಿರಿಯಾಪಟ್ಟಣದ ಬಸ್ಸು ಹತ್ತಿ, ಸೋಮಶೇಖರನ ಫೋನು ಎರಡು ಸಲ ಬಡಿದುಕೊಂಡರೂ ಎತ್ತದೆ, ಕಿಟಕಿಗೆ ತಲೆಯಾನಿಸಿ ಕೂತ.

ಮಂಗಳವಾರ ಬ್ಯಾರನ್ನಿನ ಬಾಗಿಲು ತೆಗೆದರು. ಮೊದಲ ಕಡ್ಡಿಯನ್ನು ಇಳಿಸಿಕೊಂಡ ಕುಳ್ಳಮ್ಮ ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದಳು. ಅಂಚು ಹಳದಿ, ನಡುವೆ ದಂಟಿನುದ್ದಕ್ಕೂ ಪಾಚಿಯಂಥ ಹಸಿರು. ಅವಳು ಅದನ್ನು ಪಕ್ಕದ ಚಿಕ್ಕಮಾದಮ್ಮನಿಗೆ ಕೊಟ್ಟಳು. ಕಡ್ಡಿ ಕೈಯಿಂದ ಕೈಗೆ ದಾಟಿ ಚಪ್ಪರದ ಕೊನೆಯವರೆಗೂ ಹೋಗಿ ಬಂತು.

"ಶಿವನಂಜವ್ವ, ಇದು ನಿನ್ ಬೆಂಕಿಯೇನವ್ವ?" ಎಂದಳು ಚಿಕ್ಕಮಾದಮ್ಮ.

"ನನ್ ಕೈಗೆ ಬಂದಾಗಲೇ ನೂರಿಪ್ಪತ್ತಿತ್ತು ಕಣವ್ವ. ನಾನು ಬರೀ ಒಣಗಿಸಿದೋಳು," ಎಂದು ಶಿವನಂಜಮ್ಮ ಸೆರಗು ಬಾಯಿಗೆ ಅಡ್ಡ ಹಿಡಿದಳು.

ಎಲ್ಲರೂ ಬೆಟ್ಟಸ್ವಾಮಿಯ ಕಡೆ ತಿರುಗಿದರು. ಅವನು ಕಂಬಕ್ಕೊರಗಿ ಅದೆಲ್ಲಿಯೋ ಮೋಡ ನೋಡುತ್ತಿದ್ದ.

"ನಲವತ್ತು ವರ್ಸದಲ್ಲಿ ಈ ಬ್ಯಾರನ್ನಲ್ಲಿ ಇಂಥ ಸೊಪ್ಪು ನಾನು ಕಂಡಿಲ್ಲ," ಎಂದಳು ಕುಳ್ಳಮ್ಮ. "ಇದುಕ್ಕೊಂದು ತಪ್ಪು ಕಾಣಿಕೆ ಆಗ್ಲೇಬೇಕು."

"ಏನ್ ಮಾಡ್ಬೇಕು ಹೇಳು," ಎಂದ ಬೆಟ್ಟಸ್ವಾಮಿ, ಸೋತ ದನಿಯಲ್ಲಿ.

ಏನು ಮಾಡಬೇಕೆಂದು ಹೇಳುವ ಅಗತ್ಯವೇ ಬೀಳಲಿಲ್ಲ. ಗುರುವಾರ ಬೆಳಿಗ್ಗೆಯಿಂದಲೇ ಶಿವನಂಜಮ್ಮನ ಒಲೆಯ ಮೇಲೆ ಬೇಳೆ ಬೆಂದಿತು. ಮಧ್ಯಾಹ್ನ ಚಪ್ಪರದಡಿ ಸಾಲಾಗಿ ಬಾಳೆಲೆ ಹಾಸಿದರು. ಬೆಟ್ಟಸ್ವಾಮಿ ತಾನೇ ತುಪ್ಪದ ಗಿಂಡಿ ಹಿಡಿದು ಬಡಿಸಿದ. ಕುಳ್ಳಮ್ಮ ಮೂರು ಒಬ್ಬಟ್ಟು ಮುಗಿಸಿ, ನಾಲ್ಕನೆಯದನ್ನು ಮುರಿಯುವಾಗ ತಲೆಯೆತ್ತಿದಳು.

"ಬೆಟ್ಸಾಮಣ್ಣ, ಒಬ್ಬಟ್ಟು ತೀರ್ತು ಅಂತ ತಿಳ್ಕೋಬ್ಯಾಡ. ಇದು ಹಸ್ರು ಸೊಪ್ಪಿಂದು. ಮಗಳ್ದು ಹಂಗೇ ಬಾಕಿ ಐತೆ."

"ಐತೆ," ಎಂದ ಬೆಟ್ಟಸ್ವಾಮಿ.

"ಯಾವಾಗ ಅಂತ ಕೇಳಾದು?"

ಬೆಟ್ಟಸ್ವಾಮಿ ಅವಳ ಎಲೆಗೆ ಇನ್ನೊಂದು ಮಿಳ್ಳೆ ತುಪ್ಪ ಬಿಟ್ಟ. "ಹತ್ರಲ್ಲಿ ನಾಕು ಸಲ ಬತ್ತಾಯ್ತಂತೆ. ಎಂಟು ಸಲ ಬರ್ಲಿ," ಎಂದ.

ಅದೇನೆಂದು ಕುಳ್ಳಮ್ಮನಿಗೆ ತಿಳಿಯಲಿಲ್ಲ. ಒಬ್ಬಟ್ಟು ಬಿಸಿಯಾಗಿತ್ತು, ಕೇಳುವ ಗೋಜಿಗೂ ಅವಳು ಹೋಗಲಿಲ್ಲ. ಬೆಟ್ಟಸ್ವಾಮಿ ಗಿಂಡಿ ಕೆಳಗಿಟ್ಟು, ಎರಡನೇ ಸಲ ತುಂಬಿಸಿದ್ದ ಬ್ಯಾರನ್ನಿನ ಕಿಂಡಿಯ ಹತ್ತಿರ ಹೋಗಿ ಇಣುಕಿದ. ತೊಂಬತ್ತೈದು. ಸೌದೆಯ ಕಡೆ ಕೈ ಚಾಚದೆ, ಅಲ್ಲೇ ಕಲ್ಲಿನ ಮೇಲೆ ಕೂತ.