ಗಾಳಿ ಎಳೆಯುವ ಪೈಪು

“ಗೋವಾ,” ಎಂದುಬಿಟ್ಟ ರಾನ್ಸನ್.

ಹೇಳಿಯಾದ ಮೇಲೆ ಗೋಡೆಗೆ ಒತ್ತಿ ಹಿಡಿದಿದ್ದ ಬಿಳಿ ಪೈಪಿನ ಕಡೆ ತಿರುಗಿ, ಅಳತೆ ನೋಡುವವನಂತೆ ನಿಂತ. ಕೇಳಿದವಳು ಮನೆಗೆಲಸದ ಸುಗಂಧಿ. ಸಾರ್ ಮಂಗಳೂರಿನವರಾ ಎಂದು ಹಿಂದಿಯಲ್ಲೇ ಕೇಳಿದ್ದಳು. ಆ ಹಿಂದಿಯೊಳಗೆ ಕುಳಿತಿದ್ದ ತುಳು, ಮಂಗಳೂರಿನ ಪಕ್ಕದ ಬಜಪೆಯಲ್ಲಿ ಹುಟ್ಟಿ ಬೆಳೆದವನಿಗೆ ಗೊತ್ತಾಗದೆ ಇರುತ್ತದೆಯೇ? ಅವಳ ಕೋಣೆಯ ಗೋಡೆಯ ಮೇಲೆ ಕಾರ್ಕಳದ ಬಟ್ಟೆ ಅಂಗಡಿಯ ಕ್ಯಾಲೆಂಡರು ಬೇರೆ ತೂಗುತ್ತಿತ್ತು.

ಹೋದ ವರ್ಷ ಕುವೈತಿನ ಮಹಬೂಲಾದಲ್ಲಿ ಮನೆಗೆಲಸದ ಒಬ್ಬಳಿಗೆ ಊರಿನ ಹೆಸರು ಹೇಳಿ ಅನುಭವಿಸಿದ್ದ. ವೀಸಾ ಕೊಟ್ಟು ಕರೆಸಿಕೊಂಡ ಕಫೀಲ್ ಪಾಸ್‌ಪೋರ್ಟ್ ಕೊಡುತ್ತಿಲ್ಲ, ಏನಾದರೂ ಮಾಡಿ ಅಣ್ಣ ಎಂದು ಅವಳು ದಿನಾ ಫೋನ್ ಮಾಡಿದಳು. ಹನ್ನೊಂದನೇ ದಿನ ಅವಳ ನಂಬರನ್ನು ಬ್ಲಾಕ್ ಮಾಡಿದ. ಆಮೇಲೆ ಅವಳಿಗೇನಾಯಿತೋ ಗೊತ್ತಿಲ್ಲ. ಗೊತ್ತಿಲ್ಲವೆಂಬುದು ಒಂದು ಸೌಕರ್ಯ ಎಂದು ಅವನು ಅಂದುಕೊಂಡಿದ್ದ. ಆದರೂ ಅಪರಿಚಿತ ನಂಬರು ಕಂಡರೆ ಇವತ್ತಿಗೂ ಫೋನು ಎತ್ತುತ್ತಿರಲಿಲ್ಲ.

ಕುವೈತಿನಲ್ಲಿ ಮನೆ ಬೆಚ್ಚಗಿಡಲು ಗ್ಯಾಸ್ ಫರ್ನೇಸ್ ಎಂದರೆ ನಗುವವರೇ ಹೆಚ್ಚು. ಆದರೆ ಸಲ್ವಾದ ಈ ಮನೆಯ ಯಜಮಾನ ಅಬ್ದುಲ್ ಹಕೀಂ ಕೆನಡಾದಲ್ಲಿ ನಾಲ್ಕು ವರ್ಷ ಓದಿ ಬಂದವನು. ಅಲ್ಲಿನ ಚಳಿಯನ್ನು ಮರೆತು ಬೆಚ್ಚಗಿನ ಮನೆಯನ್ನು ಮಾತ್ರ ನೆನಪಿಟ್ಟುಕೊಂಡಿದ್ದ. ಫರ್ನೇಸು ಮನೆಯ ಹಿಂದಿನ ಸ್ಟೋರ್ ರೂಮಿನಲ್ಲಿ ಕೂತಿತು. ಹೊಗೆಯ ಪೈಪು ತಾರಸಿಗೆ ಹೋಯಿತು. ಉರಿಯುವುದಕ್ಕೆ ಗಾಳಿ ತರುವ ಪೈಪು ಹೊರಗೋಡೆಯನ್ನು ಕೊರೆದು ಹೊರಗೆ ಬಾಯಿ ತೆರೆಯಬೇಕಿತ್ತು.

ಹೊರಗೋಡೆಗೆ ಇಟಲಿಯ ಕಲ್ಲು ಹೊದಿಸಿ ತಿಂಗಳಾಗಿರಲಿಲ್ಲ. ಅಬ್ದುಲ್ ಹಕೀಂ ಗಾವಾ ಕಾಫಿ ಕೊಟ್ಟು, ಖರ್ಜೂರ ಕೊಟ್ಟು, ಪಕ್ಕದ ಕೋಣೆಯ ಗಾಳಿಯನ್ನೇ ಎಳೆದುಕೊಂಡರೆ ಆಗದೇ ಎಂದು ಮೆತ್ತಗೆ ಕೇಳಿದ. ಪಕ್ಕದ್ದು ಸುಗಂಧಿಯ ಕೋಣೆ.

“ನೀವು ಎಂಜಿನಿಯರ್. ನೀವು ಆಗುತ್ತದೆ ಅಂದರೆ ಆಗುತ್ತದೆ. ಖಲಾಸ್.”

ಬೈದು ಹೇಳಿದ್ದರೆ ರಾನ್ಸನ್ ಬಹುಶಃ ಒಪ್ಪುತ್ತಿರಲಿಲ್ಲ. ಮರ್ಯಾದೆ ಕೊಟ್ಟವರ ಎದುರು ಇಲ್ಲ ಎನ್ನಲು ಅವನಿಗೆ ನಾಲಿಗೆಯೇ ಏಳುವುದಿಲ್ಲ. ಕಿಟಕಿ ಸ್ವಲ್ಪ ತೆರೆದಿದ್ದರೆ ಆಗುತ್ತದೆ ಎಂದ. ಮುಚ್ಚಿದರೆ ಆಗುವುದೇನೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಗಾಳಿ ಸಾಲದೆ ಉರಿ ಕೆಡುತ್ತದೆ, ಬಣ್ಣ ವಾಸನೆ ಇಲ್ಲದ ವಿಷ ಹೊರಡುತ್ತದೆ, ಮಲಗಿದವರು ಏಳುವುದಿಲ್ಲ.

ಕೋಣೆಯ ಕಿಟಕಿಯ ಸುತ್ತ ಕಂದು ಟೇಪು ಅಂಟಿಸಿತ್ತು. ಫಿಟ್ಟರ್ ರೂಬೆನ್ ಅದನ್ನು ಕಿತ್ತು ಒಂದು ಗೇಣು ತೆರೆದಾಗ ಜನವರಿಯ ಗಾಳಿ ನೇರ ಅವಳ ಮಂಚದ ಮೇಲೆ ಬಿತ್ತು. ಕಿಟಕಿ ಮುಚ್ಚಬೇಡ, ಖಿಡ್ಕಿ ಬಂದ್ ಮತ್ ಕರೋ ಎಂದು ರಾನ್ಸನ್ ಹೇಳಿದ. ಯಾಕೆಂದು ವಿವರಿಸುವಷ್ಟು ಹಿಂದಿ ಇಬ್ಬರಲ್ಲೂ ಇರಲಿಲ್ಲ.

“ಜೀ ಸಾಬ್,” ಎಂದಳು ಸುಗಂಧಿ.

ಫರ್ನೇಸು ಹೊತ್ತಿತು. ರಾನ್ಸನ್ ಪೈಪಿನ ಬಾಯಿಗೆ ಟಿಶ್ಯೂ ಹಿಡಿದ. ಅದು ಕೈ ಬಿಟ್ಟು ಹೋಗಿ ಜಾಲರಿಗೆ ಅಂಟಿಕೊಂಡಿತು. ಎಳೆತ ಚೆನ್ನಾಗಿದೆ ಎಂದು ರೂಬೆನ್ ಹೆಬ್ಬೆರಳು ಎತ್ತಿದ.

ಆಗ ಸುಗಂಧಿಗೆ ಫೋನು ಬಂತು. ರಾನ್ಸನ್‌ನ ಎದುರೇ ನಿಂತು ತುಳುವಿನಲ್ಲಿ ಆರಾಮವಾಗಿ ಮಾತಾಡಿದಳು. ಯಾರೋ ಎಂಜಿನಿಯರ್ ಬಂದಿದ್ದಾನೆ, ಮುಖ ನೋಡಿ ನಮ್ಮವನೇ ಅಂದುಕೊಂಡೆ, ಅಲ್ಲವಂತೆ ಎಂದಳು. ಚಳಿಗೆ ಸೊಂಟ ಹಿಡಿದಿದೆ, ಇವನೊಬ್ಬ ಬಂದು ಕಿಟಕಿ ತೆರೆದಿಟ್ಟ, ಆಚೆ ಹೋದ ಮೇಲೆ ಮೊದಲಿನ ಹಾಗೇ ಟೇಪು ಹಾಕುತ್ತೇನೆ ಎಂದು ನಕ್ಕಳು.

ರಾನ್ಸನ್ ಫಾರಂ ತುಂಬುತ್ತಿದ್ದ. ಪೆನ್ನು ನಿಂತಿತು. ತುಳುವಿನಲ್ಲಿ ಒಂದು ಮಾತು ಪೂರ್ತಿಯಾಗಿ, ವ್ಯಾಕರಣ ಸಮೇತ ಸಿದ್ಧವಾಗಿತ್ತು. ಆದರೆ ಗೋವಾದವನು ಈ ಮಾತನ್ನು ಕೇಳಿಸಿಕೊಂಡಿರಲು ಸಾಧ್ಯವಿರಲಿಲ್ಲ. ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚಾಗಿ, ಅವಳು ತಿರುಗಿ ನೋಡುವ ನೋಟಕ್ಕೆ ಹೆದರಿಕೆಯಾಯಿತು. ‘ಕಿಟಕಿ ತೆರೆದಿಡತಕ್ಕದ್ದು’ ಎಂದು ಇಂಗ್ಲಿಷಿನಲ್ಲಿ ಬರೆದು ಸಹಿ ಹಾಕಿದ. ಅಬ್ದುಲ್ ಹಕೀಂ ಓದದೆ ಮಡಚಿ ಜೇಬಿಗಿಟ್ಟುಕೊಂಡ.

ರೂಬೆನ್ ವ್ಯಾನಿನಲ್ಲಿ ಹೊರಟುಹೋದ. ರಾನ್ಸನ್ ಹಿಂದಿನ ಓಣಿಯಲ್ಲಿ ನಿಲ್ಲಿಸಿದ್ದ ತನ್ನ ಕಾರಿನಲ್ಲಿ ಕುಳಿತ. ಚಳಿಗೆ ಗಾಜುಗಳನ್ನೆಲ್ಲ ಏರಿಸಿದ. ಕೀಲಿ ತಿರುಗಿಸಲಿಲ್ಲ. ಹೆಂಡತಿ ಫಿಯೋನಾಳ ಫೋನು ಎರಡು ಸಲ ಹೊಡೆದುಕೊಂಡಿತು, ಆಮೇಲೆ ಮೆಸೇಜು ಬಂತು. ರಿಗ್ಗೈಯ ಮನೆಗೆ ಬರುವಾಗ ಹಾಲು ತರಬೇಕಂತೆ.

ಎದುರಿಗೆ ಆ ಕಿಟಕಿ. ದೀಪ ಹತ್ತಿತು. ಒಂದು ಕೈ ಬಂದು ಗಾಜನ್ನು ಎಳೆದುಕೊಂಡಿತು. ಆಮೇಲೆ ಕಂದು ಟೇಪು ಮೇಲಿನ ಮೂಲೆಯಿಂದ ನಿಧಾನವಾಗಿ ಇಳಿಯತೊಡಗಿತು, ಅಂಗೈಯಿಂದ ಒತ್ತಿ ಒತ್ತಿ.

“ಅಕ್ಕ, ಕಿಟಕಿ ಮುಚ್ಚೊಡ್ಚಿ,” ಎಂದ ರಾನ್ಸನ್ ತುಳುವಿನಲ್ಲಿ, ಮುಚ್ಚಬೇಡ ಎಂಬ ಅದೇ ಮಾತನ್ನು.

ದನಿ ಕಾರಿನೊಳಗೇ ಸುತ್ತಿ ಅವನಿಗೇ ಕೇಳಿಸಿತು. ಉಚ್ಚಾರ ಸರಿಯಾಗಿತ್ತು. ಇನ್ನೊಮ್ಮೆ ಹೇಳಿದ, ಇನ್ನೂ ಸ್ವಲ್ಪ ಗಟ್ಟಿಯಾಗಿ. ಬಾಗಿಲ ಹಿಡಿಯ ಮೇಲೆ ಕೈ ಇಟ್ಟು ಮತ್ತೊಮ್ಮೆ ಹೇಳಿದ. ಒಂದೊಂದು ಸಲ ಹೇಳಿದಾಗಲೂ ಮುಂದಿನ ಗಾಜಿನ ಮೇಲೆ ಅವನ ಉಸಿರು ಮಂಜಾಗಿ ಕೂರುತ್ತ ಹೋಯಿತು. ಮೊದಲು ಟೇಪು ಮಸುಕಾಯಿತು, ಆಮೇಲೆ ಕೈ, ಕೊನೆಗೆ ಕಿಟಕಿಯೂ ಕಾಣದಾಯಿತು.