ಮೈನಸ್ ಎಪ್ಪತ್ತು

ಮೊದಲು ಒಂದು ವಿಷಯ ಹೇಳಿಬಿಡುತ್ತೇನೆ, ಆಮೇಲೆ ಗೊಂದಲ ಬೇಡ. ನರಕೋಶ ಸುಮ್ಮನಿರುವಾಗ ಅದರ ಒಳಗಿನ ವಿದ್ಯುತ್ತು ಹೊರಗಿನದಕ್ಕಿಂತ ಒಂದು ಚೂರು ಕೆಳಗಿರುತ್ತದೆ. ಮೈನಸ್ ಎಪ್ಪತ್ತು ಮಿಲಿವೋಲ್ಟ್. ಟಾರ್ಚಿನ ಸೆಲ್ಲಿನ ಮುಂದೆ ಅದು ಯಾವ ಲೆಕ್ಕಕ್ಕೂ ಇಲ್ಲ. ಪಠ್ಯಪುಸ್ತಕದಲ್ಲಿ ಇದಕ್ಕೆ ವಿಶ್ರಾಂತಿ ವಿಭವ ಅಂತ ಹೆಸರಿಟ್ಟಿದ್ದಾರೆ. ಇಟ್ಟ ಪುಣ್ಯಾತ್ಮ ಮನೆಕೆಲಸ ಮಾಡಿದವನಲ್ಲ ಅಂತ ಕಾಣುತ್ತದೆ. ಅಲ್ಲಿ ವಿಶ್ರಾಂತಿಯೂ ಇಲ್ಲ, ಮಣ್ಣೂ ಇಲ್ಲ. ಕೋಶದ ಗೋಡೆ ಸೋರುತ್ತಲೇ ಇರುತ್ತದೆ. ಒಳಗಿನ ಪೊಟ್ಯಾಸಿಯಂ ಹೊರಗೆ ಜಾರುತ್ತದೆ, ಹೊರಗಿನ ಸೋಡಿಯಂ ಒಳಗೆ ನುಸುಳುತ್ತದೆ. ಗೋಡೆಯಲ್ಲಿರುವ ಪುಟ್ಟ ಪಂಪುಗಳು ಮೂರು ಸೋಡಿಯಂ ಹೊರಗೆ ದಬ್ಬಿ ಎರಡು ಪೊಟ್ಯಾಸಿಯಂ ಒಳಗೆ ಎಳೆದುಕೊಳ್ಳುತ್ತವೆ. ಮತ್ತೆ ಮೂರು ಹೊರಗೆ, ಎರಡು ಒಳಗೆ. ಸೋರುವ ಮನೆಯಲ್ಲಿ ಬಕೆಟ್ಟು ಹಿಡಿದು ನೀರು ಹೊರಚೆಲ್ಲುವ ಹೆಂಗಸಿನ ಹಾಗೆ, ಅವಕ್ಕೆ ಒಂದು ಗಳಿಗೆ ಪುರುಸೊತ್ತಿಲ್ಲ. ಮಿದುಳು ಉಣ್ಣುವ ಊಟದ ಬಹುಪಾಲು ಈ ಕೂಲಿಗೇ ಹೋಗುತ್ತದೆ. ಪಂಪು ನಿಂತರೆ ಒಳಗೂ ಹೊರಗೂ ಒಂದೇ ಆಗುತ್ತದೆ. ಹಾಗೆ ಒಂದೇ ಆಗುವುದನ್ನು ನಾವು ಸಾವು ಅನ್ನುತ್ತೇವೆ.

ಇದನ್ನು ಅಳೆಯುವುದೇ ನನ್ನ ಹೊಟ್ಟೆಪಾಡು. ಆಸ್ಪತ್ರೆಯ ನೆಲಮಾಳಿಗೆಯಲ್ಲಿ ನಮ್ಮ ಲ್ಯಾಬು. ಮೂರ್ಛೆರೋಗದವರ ತಲೆಯಲ್ಲಿ ರೋಗ ಹುಟ್ಟುವ ಜಾಗವನ್ನು ಸರ್ಜನ್ನರು ಕತ್ತರಿಸಿ ತೆಗೆದರೆ, ರೋಗಿ ಮೊದಲೇ ಒಪ್ಪಿದ್ದ ಪಕ್ಷದಲ್ಲಿ ಆ ಚೂರು ಕಸದ ಡಬ್ಬಿಗೆ ಹೋಗದೆ ನಮ್ಮ ಹತ್ತಿರ ಬರುತ್ತದೆ. ಬೆಳಕು ಆಚೆ ಕಾಣುವಷ್ಟು ತೆಳ್ಳಗೆ ಅದನ್ನು ಸೀಳಿ, ಸಕ್ಕರೆ ಉಪ್ಪು ಬೆರೆಸಿದ ನೀರಿನ ಗಾಜಿನ ಪೆಟ್ಟಿಗೆಯಲ್ಲಿಟ್ಟು, ಆಕ್ಸಿಜನ್ ಗುಳ್ಳೆ ಬಿಡುತ್ತೇವೆ. ಕೋಶಗಳು ಒಂದೆರಡು ದಿನ ಬದುಕಿರುತ್ತವೆ. ಒಂದೊಂದೇ ಸೀಳನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು, ಕಣ್ಣಿಗೆ ಕಾಣದಷ್ಟು ಚೂಪಾದ ಗಾಜಿನ ಸೂಜಿಯನ್ನು ಒಂದು ಕೋಶಕ್ಕೆ ತಾಗಿಸಿದರೆ ಪರದೆಯ ಮೇಲೆ ಅಂಕಿ ಬರುತ್ತದೆ. ಅಷ್ಟೇ ನನ್ನ ವಿದ್ಯೆ. "ಉಪ್ಪುನೀರು ಕಾಯೋಕೆ ಇಷ್ಟು ವರ್ಷ ಓದ್ಬೇಕಿತ್ತೇನಕ್ಕಾ" ಅಂತ ನನ್ನ ತಂಗಿ ಕಾಲೆಳೆಯುತ್ತಿದ್ದಳು.

ತಂಗಿಯನ್ನು ಮನೆಯಲ್ಲಿ ಗುಂಡು ಅಂತ ಕರೆಯುತ್ತಿದ್ದೆವು. ಹುಟ್ಟುವಾಗ ಗುಂಡುಗುಂಡಗಿದ್ದಳು, ಆಮೇಲೆ ಕಡ್ಡಿಯಾದರೂ ಹೆಸರು ಹೋಗಲಿಲ್ಲ. ಕೂದಲು ಕತ್ತರಿಸುವುದು ಅವಳ ಕಸುಬು. ಅವಳ ಕೈ ಗುಣಕ್ಕೆ ಹೆಂಗಸರು ಕ್ಯೂ ನಿಲ್ಲುತ್ತಿದ್ದರು. ಆದರೆ ಒಂದು ದಿನ ಕೈಯಲ್ಲಿ ಕತ್ತರಿ ಇರುವಾಗಲೇ ಫಿಟ್ಸ್ ಬಂತು, ಕುರ್ಚಿಯಲ್ಲಿದ್ದವಳ ಕಿವಿ ಕುಯ್ದುಹೋಯಿತು. ಆಮೇಲೆ ಅವಳನ್ನು ನೆಲ ಗುಡಿಸಲು ಇಟ್ಟುಕೊಂಡರು. ಅವಳು ಆಪರೇಷನ್ನಿಗೆ ಒಪ್ಪಿದ್ದು ಮತ್ತೆ ಕತ್ತರಿ ಹಿಡಿಯುವುದಕ್ಕೆ, ಬೇರೆ ಯಾವುದಕ್ಕೂ ಅಲ್ಲ. ತೆಗೆದದ್ದನ್ನು ನಮ್ಮ ಲ್ಯಾಬಿಗೆ ಕೊಡಲು ಒಪ್ಪಿ ಸಹಿ ಹಾಕುತ್ತಾ ನನ್ನ ಕಡೆ ನೋಡಿ ನಕ್ಕಳು. "ನನ್ನ ತಲೇಲಿರೋದನ್ನೆಲ್ಲ ಓದ್ಬಿಡಬೇಡ ಮತ್ತೆ. ನಿನ್ನ ಹೊಸ ಸೀರೆಗೆ ಮಸಿ ಚೆಲ್ಲಿದ್ದು ಯಾರು ಅಂತ ಗೊತ್ತಾಗ್ಬಿಡುತ್ತೆ." ಅವಳೇ ಅಂತ ನನಗೆ ಅವತ್ತೇ ಗೊತ್ತಿತ್ತು.

ನಮಗೆ ಬರುವ ಡಬ್ಬಿಯ ಮೇಲೆ ಹೆಸರಿರುವುದಿಲ್ಲ, ಬರೀ ಸಂಖ್ಯೆ. ಆದರೆ ಆ ದಿನ ಅಂಥ ಆಪರೇಷನ್ ಒಂದೇ ಇದ್ದದ್ದು. ಬೇರೆಯವರಿಗೆ ಕೊಡಬಹುದಿತ್ತು, ಕೊಡಲು ಮನಸ್ಸು ಬರಲಿಲ್ಲ. ನನ್ನ ತಂಗಿಯ ತಲೆಯೊಳಗಿನದನ್ನು ಇನ್ಯಾರೋ ಆಕಳಿಸುತ್ತಾ ಸೀಳುವುದು ನನಗೆ ಬೇಕಿರಲಿಲ್ಲ. ನಾನೇ ಸೀಳಿದೆ. ಮೊದಲ ಕೋಶಕ್ಕೇ ಮೈನಸ್ ಎಪ್ಪತ್ತು ಬಂತು. ಖುಷಿಯಾಗಿ ಮೇಲೆ ಹೇಳಲು ಹೋದರೆ, ಅವಳ ತಲೆಯೊಳಗೆ ರಕ್ತಸ್ರಾವವಾಗಿದೆ ಅಂದರು.

ಮಾರನೆಯ ಬೆಳಗಾಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮಿದುಳು ಬಾತು, ಅದಕ್ಕೆ ರಕ್ತವೇ ಏರುತ್ತಿರಲಿಲ್ಲ. ರಕ್ತವಿಲ್ಲದಿದ್ದರೆ ಆಕ್ಸಿಜನ್ ಇಲ್ಲ, ಆಕ್ಸಿಜನ್ ಇಲ್ಲದಿದ್ದರೆ ಪಂಪು ಇಲ್ಲ. ನನಗೆ ಬೇರೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಐಸಿಯು ಡಾಕ್ಟರು, ಪಾಪ ಚಿಕ್ಕ ವಯಸ್ಸಿನವರು, ನಮ್ಮನ್ನು ಕಾರಿಡಾರಿನ ಬೆಂಚಿನ ಮೇಲೆ ಕೂರಿಸಿದರು. ಅಮ್ಮ, ನಾನು, ಗುಂಡುವಿನ ಗಂಡ. ಅವನು ಲಾರಿ ಡ್ರೈವರು. ಓಡಿ ಬಂದವನು ಇನ್ನೂ ಕೈಯಲ್ಲಿ ಲಾರಿಯ ಬೀಗದ ಕೈ ಹಿಡಿದಿದ್ದ.

"ಎರಡು ಸಲ ಪರೀಕ್ಷೆ ಮಾಡಿದ್ವಿ. ಉಸಿರು ಯಂತ್ರದ್ದು, ಅವರದ್ದಲ್ಲ. ನೀವು ಹೂಂ ಅಂದ್ರೆ ಸಂಜೆ ತೆಗೀತೀವಿ," ಅಂದರು ಡಾಕ್ಟರು.

"ಅತ್ತೆ ಹೂಂ ಅಂದ್ರೆ ನಂದೂ ಹೂಂ. ಹೆತ್ತೋರು ಅವರು," ಅಂದ ಡ್ರೈವರು, ನೆಲ ನೋಡುತ್ತಾ.

ಅಮ್ಮ ಒಂದೇ ಮಾತು ಹಿಡಿದಿದ್ದಳು. "ಮೈ ಬಿಸಿ ಇದೆಯಲ್ಲಪ್ಪ. ಸತ್ತೋರ ಮೈ ಬಿಸಿ ಇರುತ್ತಾ?"

"ಅಮ್ಮಾ, ಅವರ ಮಿದುಳಲ್ಲಿ ಒಂದೇ ಒಂದು ಕೋಶನೂ ಬದುಕಿಲ್ಲ."

ಅಲ್ಲಿ ನನ್ನ ಬಾಯಿಗೆ ಬೀಗ ಬೀಳಬೇಕಿತ್ತು. ಬೀಳಲಿಲ್ಲ. ಯಾರಾದರೂ ತಪ್ಪು ಲೆಕ್ಕ ಹೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ, ಅದು ನನ್ನ ಹುಟ್ಟುಗುಣ. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ. ಸಂಕಟಕ್ಕೆ ಯಾರ ಮೇಲಾದರೂ ಹರಿಹಾಯಬೇಕಿತ್ತು, ಅವರು ಸಿಕ್ಕರು. "ಒಂದೂ ಇಲ್ಲ ಅನ್ಬೇಡಿ ಡಾಕ್ಟ್ರೆ. ಕೆಳಗೆ ನನ್ನ ಹತ್ರ ಅವಳ ಕೋಶಗಳು ಮೈನಸ್ ಎಪ್ಪತ್ತರಲ್ಲಿ ನಿಂತಿವೆ," ಅಂದೆ.

ಅಮ್ಮ ನನ್ನ ಕಡೆ ತಿರುಗಿದಳು. "ಬದುಕಿವೆಯಾ?"

ಡಾಕ್ಟರು ನನ್ನನ್ನೇ ನೋಡುತ್ತಿದ್ದರು. ಉಗುಳುವಂತಿಲ್ಲ, ನುಂಗುವಂತಿಲ್ಲ. "ಬದುಕಿವೆ ಅಂದ್ರೆ..." ಅಂದೆ.

"ನಡಿ, ತೋರ್ಸು."

ಹೀಗೆ ಅಮ್ಮ ನನ್ನ ಲ್ಯಾಬಿಗೆ ಬಂದಳು. ಇಷ್ಟು ವರ್ಷ ಕರೆದರೂ ಬಂದವಳಲ್ಲ. ಪರದೆಯ ಮುಂದೆ ಕುರ್ಚಿ ಎಳೆದುಕೊಟ್ಟೆ. ಹೊಸ ಸೀಳು ಹಾಕಿ, ಕೋಶ ಹುಡುಕಿ, ಸೂಜಿ ತಾಗಿಸಿದೆ. ಎಪ್ಪತ್ತೊಂದು.

"ಎಪ್ಪತ್ತರ ಆಸುಪಾಸಿದ್ರೆ ಚೆನ್ನಾಗಿದೆ ಅಂತ. ಐವತ್ತಕ್ಕೆ ಬಂದ್ರೆ ಕಷ್ಟ. ಸೊನ್ನೆ ಅಂದ್ರೆ ಹೋಯ್ತು," ಅಂತ ಹೇಳಿಕೊಟ್ಟೆ. ಅಮ್ಮ ತಲೆಯಾಡಿಸಿದಳು. ಅಂಕಿಯ ಮೇಲಿನ ಕಣ್ಣು ಕದಲಿಸಲಿಲ್ಲ.

"ಚಳಿ ಆಗ್ತಿಲ್ವಾ ಅವಳಿಗೆ?"

"ಬೆಚ್ಚಗಿನ ನೀರು ಹರೀತಿದೆಯಮ್ಮ."

"ಹೊಟ್ಟೆಗೆ?"

"ನೀರಲ್ಲಿ ಸಕ್ಕರೆ ಇದೆ."

"ಸಕ್ಕರೆ ಅಂದ್ರೆ ಬಿಡ್ತಿರ್ಲಿಲ್ಲ ಅವಳು," ಅಂದಳು ಅಮ್ಮ. ನಾನು ನೀರಿನ ಕೊಳವೆ ಸರಿ ಮಾಡುವವಳ ಹಾಗೆ ಬಗ್ಗಿದೆ.

ಅಮ್ಮ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ದುಡಿದು ನಮ್ಮಿಬ್ಬರನ್ನು ಸಾಕಿದವಳು. ಅವಳಿಗೆ ಕಣ್ಣಿಗಿಂತ ಕಿವಿಯ ಮೇಲೆ ನಂಬಿಕೆ. ಸ್ವಲ್ಪ ಹೊತ್ತಿಗೆ ಶುರು ಮಾಡಿದಳು. "ಸದ್ದೇ ಇಲ್ವಲ್ಲೇ ಇದರಲ್ಲಿ." ನಾವು ಸೂಜಿ ಇಳಿಸುವಾಗ ಕಣ್ಣು ಮಸೂರದಲ್ಲಿರುತ್ತದೆಂದು ಯಂತ್ರಕ್ಕೆ ಒಂದು ಸ್ಪೀಕರ್ ಕೂಡ ಇದೆ. ಹಾಕಿಕೊಟ್ಟೆ. ಬರೀ ಸುಂಯ್ ಅಂತ ಗಾಳಿಯಂಥ ಸದ್ದು.

"ಸುಮ್ನಿದ್ರೇ ಒಳ್ಳೇದಮ್ಮ. ಸದ್ದಿಲ್ಲ ಅಂದ್ರೆ ಕೆಲಸ ಸರಿಯಾಗಿ ನಡೀತಿದೆ ಅಂತ."

"ನಮ್ಮಲ್ಲಿ ಸದ್ದಿಲ್ಲ ಅಂದ್ರೆ ಲೈನು ಸತ್ತಿದೆ ಅಂತ," ಅಂದಳು.

ಮಧ್ಯಾಹ್ನದವರೆಗೂ ಹಾಗೇ ಕೂತಳು. ಊಟ ಅಂದರೆ ಬೇಡ ಅಂದಳು. ಆ ಕೋಶದ ಜೊತೆ ಮಾತಾಡುತ್ತಿದ್ದಳು, ಮನೆಯಲ್ಲಿ ಮಾತಾಡುವ ಹಾಗೆಯೇ. ನಿನ್ನ ಕತ್ತರಿ ಸಾಣೆಗೆ ಕೊಟ್ಟಿದೀನಿ, ನಿನ್ನ ಗಂಡ ಬಂದಿದಾನೆ, ಎದ್ದೇಳೇ ಸಾಕು. ನಾನು ಎಷ್ಟು ಸಲ ಹೇಳಿದೆ. "ಅಮ್ಮಾ, ಇದು ಗುಂಡು ಅಲ್ಲ. ಕತ್ತರಿಸಿ ತೆಗೆದಿರೋ ಚೂರು. ಕತ್ತರಿಸಿದ ಕೂದಲನ್ನ ಮನುಷ್ಯ ಅಂತೀವಾ?"

"ಕೂದಲಿಗೆ ಜೀವ ಇಲ್ಲ. ಇದಕ್ಕಿದೆ ಅಂತ ಡಾಕ್ಟ್ರ ಮುಂದೆ ನೀನೇ ಅಂದೆ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆ ಅಂಕಿ ಎಲ್ಲಿಯವರೆಗೆ ನಿಂತಿರುತ್ತದೋ ಅಲ್ಲಿಯವರೆಗೆ ಅಮ್ಮ ಹೂಂ ಅನ್ನುವುದಿಲ್ಲ, ಮೇಲೆ ಯಂತ್ರ ನನ್ನ ತಂಗಿಯ ಎದೆಯನ್ನು ಏರಿಸುತ್ತಾ ಇಳಿಸುತ್ತಾ ಇರುತ್ತದೆ, ಐಸಿಯು ಬಾಗಿಲ ಹೊರಗೆ ಆ ಮನುಷ್ಯ ಬೀಗದ ಕೈ ಹಿಡಿದು ನಿಂತಿರುತ್ತಾನೆ. ಇದಕ್ಕೆಲ್ಲ ಕಾರಣ ನಾನು ತಿದ್ದಿದ ಒಂದು ವಾಕ್ಯ.

ಸೂಜಿ ಚುಚ್ಚಿದ ಕೋಶ ಬಹಳ ಹೊತ್ತು ತಡೆಯುವುದಿಲ್ಲ. ಒಂದು ಸತ್ತರೆ ಅಮ್ಮ ಅತ್ತಿತ್ತ ನೋಡಿದಾಗ ಪಕ್ಕದ್ದಕ್ಕೆ ಸೂಜಿ ತಾಗಿಸುತ್ತಿದ್ದೆ. ಅವಳಿಗಾಗಿ ಅಂತ ಅಂದುಕೊಂಡೇ ಮಾಡುತ್ತಿದ್ದೆ. ಒಂದು ಸಲ ಅವಳು ಅತ್ತಿತ್ತ ನೋಡಲೇ ಇಲ್ಲ.

ಅಂಕಿ ಅರವತ್ತೆರಡಾಯಿತು. ಐವತ್ತೈದು. ಸ್ಪೀಕರಿನಲ್ಲಿ ಟಪ್ ಅಂದಿತು. ಮತ್ತೆ ಟಪ್, ಟಪ್. ಆಮೇಲೆ ಹುರಿಯುವ ಬಾಣಲೆಯಂತೆ ಚಟಪಟ ಶುರುವಾಯಿತು.

ಅಮ್ಮನ ಮುಖ ಅರಳಿದ್ದು ನಾನು ನೋಡಿದೆ. ದೇವರೇ, ಅದನ್ನು ನೋಡಬಾರದಿತ್ತು. "ಕೇಳಿಸ್ತಾ? ಲೈನು ಬಂತು. ಮಾತಾಡ್ತಿದಾಳೆ ಕಣೇ," ಅಂದವಳೇ ಮೊಬೈಲು ತೆಗೆದು ಅಳಿಯನಿಗೆ ಫೋನು ಮಾಡಿದಳು. "ಯಂತ್ರ ಮುಟ್ಬೇಡಿ ಅಂತ ಹೇಳಪ್ಪಾ. ಗುಂಡು ಎದ್ಲು. ಸದ್ದು ಕೇಳು ಬೇಕಾದ್ರೆ." ಫೋನನ್ನು ಸ್ಪೀಕರಿನ ಹತ್ತಿರ ಹಿಡಿದಳು.

ಪಂಪು ಸೋತಾಗ ಕೋಶ ಹಾಗೆ ಮಾಡುತ್ತದೆ. ಸೋಡಿಯಂ ತಡೆಯಿಲ್ಲದೆ ಒಳಗೆ ನುಗ್ಗುತ್ತದೆ, ಇದ್ದಬದ್ದ ವಿದ್ಯುತ್ತೆಲ್ಲ ಒಮ್ಮೆಗೇ ಸಿಡಿಯುತ್ತದೆ, ಆಮೇಲೆ ಏನೂ ಇರುವುದಿಲ್ಲ. ನಾನು ಅಮ್ಮನ ಭುಜ ಹಿಡಿದೆ. "ಅಮ್ಮಾ, ಫೋನ್ ಇಡು. ಅದು ಸಾಯ್ತಾ ಇರೋ ಸದ್ದು."

"ನಿನ್ನ ಬಾಯಲ್ಲಿ ಒಳ್ಳೇ ಮಾತೇ ಬರಲ್ವಾ?"

ಅಷ್ಟರಲ್ಲಿ ಸದ್ದು ನಿಂತಿತು. ಮೂವತ್ತು, ಹದಿನೆಂಟು, ಆರು. ಸ್ಪೀಕರಿನಲ್ಲಿ ಸುಂಯ್ ಅನ್ನುವುದು ಮಾತ್ರ ಉಳಿಯಿತು. ಫೋನಿನೊಳಗೆ ಅಳಿಯ "ಅತ್ತೆ, ಅತ್ತೆ" ಅನ್ನುತ್ತಿದ್ದ. ಅಮ್ಮನ ಕಣ್ಣು ಅಂಕಿಯ ಮೇಲಿತ್ತು. ಅವಳಿಗೆ ಓದಲು ನಾನೇ ಕಲಿಸಿದ್ದೆ.

"ಇನ್ನೊಂದಿದೆಯೇನೇ?" ಅಂತ ಕೇಳಿದಳು.

ಇದ್ದವು. ಬೆನ್ನ ಹಿಂದಿನ ಗಾಜಿನ ಪೆಟ್ಟಿಗೆಯಲ್ಲಿ ಗುಳ್ಳೆಯೇಳುವ ನೀರಲ್ಲಿ ಇನ್ನೂ ನಾಲ್ಕೈದು ಸೀಳು ಇದ್ದವು. ಒಂದೊಂದರಲ್ಲೂ ಸಾವಿರಾರು ಕೋಶ.

"ಇಲ್ಲಮ್ಮ. ಇದೇ ಕೊನೇದು," ಅಂದೆ.

ಅಮ್ಮ ಫೋನನ್ನು ಕಿವಿಗಿಟ್ಟುಕೊಂಡು ಹೂಂ ಅಂದಳು. ಅಷ್ಟೇ, ಹೂಂ.

ಸಂಜೆ ಯಂತ್ರ ತೆಗೆದರು. ನಾನು ಅವಳ ಕಾಲ ಹತ್ತಿರ ನಿಂತಿದ್ದೆ. ಡ್ರೈವರು ಗೋಡೆಗೆ ಹಣೆ ಒತ್ತಿಕೊಂಡು ಮಗುವಿನ ಹಾಗೆ ಅತ್ತ. ಅಮ್ಮ ಅಳಲಿಲ್ಲ, ಗುಂಡುವಿನ ಬೆರಳುಗಳನ್ನು ಒಂದೊಂದಾಗಿ ನೀವಿ ನೇರ ಮಾಡುತ್ತಿದ್ದಳು. ಮೈ ಆರುವುದಕ್ಕೆ ಬಹಳ ಹೊತ್ತು ಹಿಡಿಯುವುದಿಲ್ಲ ಅಂತ ನನಗೆ ಅವತ್ತು ಗೊತ್ತಾಯಿತು.

ಲ್ಯಾಬಿನ ಗ್ಯಾಸು ಬಂದ್ ಮಾಡಿ ಬರುತ್ತೇನೆ ಅಂತ ಹೇಳಿ ಕೆಳಗಿಳಿದೆ. ನಿಜವಾಗಿ ಅದಕ್ಕೇ ಇಳಿದದ್ದು. ಸಿಲಿಂಡರಿನ ತಿರುಪಿನ ಮೇಲೆ ಕೈ ಕೂಡ ಇಟ್ಟೆ. ತಿರುಗಿಸಿದರೆ ಗುಳ್ಳೆ ನಿಲ್ಲುತ್ತದೆ, ಗುಳ್ಳೆ ನಿಂತರೆ ಪಂಪು ನಿಲ್ಲುತ್ತದೆ. ಕೈ ತಿರುಗಲಿಲ್ಲ. ಅಮ್ಮನಿಗೆ ಕೂದಲಿನ ನ್ಯಾಯ ಹೇಳಿದವಳು ನಾನು. ಒಂದು ಸೀಳನ್ನು ಎತ್ತಿ ಮಸೂರದ ಕೆಳಗಿಟ್ಟೆ, ಅಳುತ್ತಲೇ ಸೂಜಿ ಇಳಿಸಿದೆ. ಮೈನಸ್ ಅರವತ್ತೊಂಬತ್ತು. ಸ್ಪೀಕರ್ ಹಾಕಲಿಲ್ಲ. ಅಂಕಿಯ ಮುಂದೆ ಕೈಕಟ್ಟಿ ಕೂತೆ.

"ಮನೆಗೆ ಹೋಗೋಣ ಬಾ, ಗಾಡಿ ಬಂತು," ಅಂತ ಅಮ್ಮನ ದನಿ ಕೇಳಿಸಿತು. ಯಾವಾಗ ಬಂದಳೋ, ಬಾಗಿಲಲ್ಲಿ ನಿಂತಿದ್ದಳು. ಪರದೆ ಮರೆಮಾಡಲು ಎದ್ದೆ, ತಡವಾಗಿತ್ತು. ಅವಳು ಓದಿಯಾಗಿತ್ತು.

"ಇಲ್ಲ ಅಂದ್ಯಲ್ಲೇ," ಅಂದಳು.

"ಅಮ್ಮಾ, ಇದು ಗುಂಡು ಅಲ್ಲಮ್ಮ. ಆಣೆ ಮಾಡಿ ಹೇಳ್ತೀನಿ, ಇದು ಅವಳಲ್ಲ."

ಅಮ್ಮ ಸಿಟ್ಟು ಮಾಡಲಿಲ್ಲ. ದನಿ ಕೂಡ ಏರಿಸಲಿಲ್ಲ.

"ಮತ್ಯಾಕೆ ಕೂತಿದ್ದೀಯ ಇಲ್ಲಿ?"

ಅಮ್ಮ ನನಗಾಗಿ ಕಾಯದೆ ಒಬ್ಬಳೇ ಮೆಟ್ಟಿಲು ಹತ್ತಿ ಹೋದಳು.